ಚಿಕ್ಕಳಿಯನ ಕೆಲಸ, ದೊಡ್ಡಳಿಯನ ಸಂಬಳ

ಒಂದಕ್ಕೊಂದು ಅಂಟಿಕೊಂಡಿದ್ದ ಪ್ಲಾಸ್ಟಿಕ್ ಕುರ್ಚಿಗಳೆರಡನ್ನು ಬಿಡಿಸಲು ದೊಡ್ಡಳಿಯ ಹೆಣಗುತ್ತಿದ್ದಾಗ, ಸಭಾಂಗಣದ ಕಾವಲಿನವನು ಬಂದು ಇನ್ನೂ ಒಂದೆರಡು ಸಾಲು ಬೇಕಾಗಬಹುದು ಎಂದ. ದೊಡ್ಡಳಿಯ ಬಾಗಿಲ ಕಡೆ ತಿರುಗಿ ನೋಡಿದ. ನಿಜ, ಜನ ಬರುತ್ತಲೇ ಇದ್ದರು. ಊರುಗೋಲಿನವರು, ಗಾಲಿಕುರ್ಚಿಯವರು, ಮಗಳ ತೋಳು ಹಿಡಿದು ಮೆಟ್ಟಿಲು ಹತ್ತುವವರು. ಹಿಂದಿನ ದಿನ ಕುರ್ಚಿ ಎಷ್ಟು ಹಾಕಿಸಲಿ ಎಂದು ಕೇಳಿದ್ದಾಗ, ಹಲ್ಲು ಕಟ್ಟುವವನ ಸಾವಿಗೆ ಊರೆಲ್ಲ ಬರುತ್ತದೆಯೇ, ಮನೆಯವರಿಗೆ ಆಗುವಷ್ಟು ಹಾಕಿದರೆ ಸಾಕು ಎಂದು ಅಪ್ಪಣೆ ಕೊಟ್ಟವನು ಇವನೇ. ಆ ಮಾತಿಗೆ ದಂಡ ತೆರುವವನಂತೆ, ಕೆಲಸದಲ್ಲಿದ್ದಷ್ಟು ದಿನ ನೀರಿನ ಲೋಟವನ್ನೂ ತಾನಾಗಿ ಎತ್ತಿಕೊಳ್ಳದಿದ್ದ ಮನುಷ್ಯ ಈಗ ಇಳಿವಯಸ್ಸಿನಲ್ಲಿ ಕುರ್ಚಿ ಹೊರುತ್ತಿದ್ದ.

ಸತ್ತವನು ಚಿಕ್ಕಳಿಯ. ಇಬ್ಬರೂ ಷಡ್ಡಕರು, ಅಕ್ಕನನ್ನು ಇವನು ಮದುವೆಯಾಗಿದ್ದ, ತಂಗಿಯನ್ನು ಅವನು. ಮಾವನ ಮನೆಯಲ್ಲಿ ಬಿದ್ದ ಆ ಹೆಸರುಗಳು, ಅತ್ತೆ ಮಾವ ಹೋಗಿ ಎಷ್ಟೋ ಕಾಲವಾದರೂ ನೆಂಟರ ಬಾಯಲ್ಲಿ ಹಾಗೇ ಉಳಿದಿದ್ದವು. ದೊಡ್ಡಳಿಯ ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತನಾದವನು. ಚಿಕ್ಕಳಿಯ ಹಿಂದಿನ ಬೀದಿಯ ಒಂದೇ ಕೋಣೆಯ ಅಂಗಡಿಯಲ್ಲಿ ಕಟ್ಟುಹಲ್ಲು ಮಾಡಿಕೊಂಡು ಕೂತವನು. ಮೊನ್ನೆ ಮಧ್ಯಾಹ್ನವೂ ಅದನ್ನೇ ಮಾಡುತ್ತಿದ್ದ. ಉಜ್ಜುತ್ತಿದ್ದ ಹಲ್ಲಿನ ಸೆಟ್ಟನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಒರಗುತ್ತೇನೆ ಎಂದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಅಯ್ಯೋ, ಸಾಯುವುದರಲ್ಲೂ ಅದೃಷ್ಟವಂತನಾಗಿಬಿಟ್ಟನಲ್ಲ ಇವನು! ಸುದ್ದಿ ಕೇಳಿದಾಗ ದೊಡ್ಡಳಿಯನ ಮನಸ್ಸಿಗೆ ಮೊದಲು ಬಂದದ್ದು ಇದು. ದುಃಖವೂ ಬಂತು, ಇಲ್ಲವೆನ್ನಲಾಗದು, ಆದರೆ ಎರಡನೆಯದಾಗಿ ಬಂತು.

ಕುರ್ಚಿ ಹಾಕುತ್ತ ಹೋದಂತೆ ಜನರ ಮಾತು ಕಿವಿಗೆ ಬೀಳುತ್ತಿತ್ತು. ಎಲ್ಲರದ್ದೂ ಒಂದೇ ಕತೆ. ಚಿಕ್ಕಳಿಯನಿಗೆ ಒಂದು ಪದ್ಧತಿಯಿತ್ತು. ಹಲ್ಲುಗಳನ್ನು ಮೊದಲು ಮೇಣದಲ್ಲಿ ಕೂರಿಸಿ, ಬಾಯಿಗಿಟ್ಟು ನೋಡಿ, ಆಮೇಲೆ ಬೇಯಿಸಿ ಗಟ್ಟಿಮಾಡುವುದು ಆ ಕಸುಬಿನ ಕ್ರಮ. ಒಮ್ಮೆ ಬೆಂದರೆ ಮುಗಿಯಿತು, ಆಮೇಲೆ ಹಲ್ಲು ಕದಲಿಸುವಂತಿಲ್ಲ. ಕನ್ನಡಿ ಎದುರು ಕೂತವರು ಫೋಟೋಗೆ ಕೂತವರಂತೆ ಬಾಯಿ ಬಿಗಿದಿರುತ್ತಾರೆ. ನಿಜವಾಗಿ ನಕ್ಕಾಗಲೇ ಹಲ್ಲು ಎಲ್ಲಿ ಎದ್ದಿದೆ, ಎಲ್ಲಿ ಸೊಟ್ಟಗಿದೆ ಎಂದು ಕಾಣುವುದು. ಆದ್ದರಿಂದ ಕೂತವರು ಹೊಟ್ಟೆ ಹಿಡಿದುಕೊಂಡು ನಗುವವರೆಗೆ ಅವನು ಸೆಟ್ಟು ಬೇಯಿಸುತ್ತಿರಲಿಲ್ಲ. ಮುಂಗೋಪಿ ಮೇಷ್ಟ್ರೊಬ್ಬರನ್ನು ನಗಿಸಲು ವಾರಗಟ್ಟಲೆ ಓಡಾಡಿಸಿದ್ದನಂತೆ. ಗಂಡ ಸತ್ತಮೇಲೆ ನಗುವುದನ್ನೇ ಬಿಟ್ಟಿದ್ದ ಮುದುಕಿಯೊಬ್ಬಳು, ತನ್ನ ಸೆಟ್ಟು ಕಟ್ಟುವ ದಿನ ಅವನು ಹೇಳಿದ್ದ ಜೋಕನ್ನು ಪಕ್ಕದವಳಿಗೆ ಹೇಳಿ, ಸಾವಿನ ಮನೆ ಎಂಬುದನ್ನೂ ಮರೆತು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಡೀ ಸಭಾಂಗಣದಲ್ಲಿ ಅವನ ಅಂಗಡಿಯ ಕುರ್ಚಿಯಲ್ಲಿ ಕೂರದವನು ತಾನೊಬ್ಬನೇ ಇರಬೇಕು ಎನಿಸಿತು ದೊಡ್ಡಳಿಯನಿಗೆ. ಇವನ ಹಲ್ಲುಗಳೆಲ್ಲ ಇವನವೇ, ಗಟ್ಟಿಯಾಗಿಯೇ ಇದ್ದವು. ಇಷ್ಟು ವರ್ಷ ಅದೊಂದು ಹೆಮ್ಮೆಯಾಗಿತ್ತು. ಈಗ ಅದೂ ಹೊಟ್ಟೆಯೊಳಗೆ ಉರಿಯತೊಡಗಿತು.

ಮುಂದಿನ ಸಾಲಿನಲ್ಲಿ ಇವನ ಹೆಂಡತಿ ತಂಗಿಯ ಹೆಗಲ ಮೇಲೆ ಕೈಹಾಕಿ ಅಳುತ್ತಿದ್ದಳು. ಮೂಗು ಕೆಂಪಾಗಿತ್ತು. ನಾನು ಹೋದರೆ ಇಷ್ಟು ಅಳುತ್ತಾಳೆಯೇ ಎಂಬ ಪ್ರಶ್ನೆ ಬೆಳಗಿನಿಂದ ಇವನನ್ನು ಕೊರೆಯುತ್ತಿತ್ತು. ಅವಳ ನಗುವಂತೂ ಹೇಗೂ ಸತ್ತವನ ಪಾಲಿಗೇ ಹೋಗಿತ್ತು. ಚಿಕ್ಕಳಿಯ ಮನೆಗೆ ಬಂದು ಕಾಲು ಚಾಚಿ ಕೂತರೆ ಸಾಕು, ಅಡುಗೆಮನೆಯಿಂದ ಅವಳ ನಗು ಬೀದಿಗೆ ಕೇಳುತ್ತಿತ್ತು. ಗಂಡ ಒಬ್ಬನೇ ಇದ್ದಾಗ ಅಲ್ಲಿಂದ ಕೇಳುತ್ತಿದ್ದದ್ದು ಪಾತ್ರೆಗಳ ಸದ್ದು ಮಾತ್ರ. ಈಗ ಅಳುವೂ ಅವನಿಗೇ ಆಯಿತೆಂದರೆ ಇವನಿಗೆ ಉಳಿಯುವುದೇನು?

* * *

ಮಾವನಿಗೆ ಒಂದು ಚಟವಿತ್ತು. ಭಾನುವಾರ ಅಳಿಯಂದಿರು ಊಟಕ್ಕೆ ಕೂತಾಗ, ಎಲ್ಲರ ಎದುರೇ, ಈ ಸಲ ಸಂಬಳ ಎಷ್ಟು ಏರಿತು ಎಂದು ಕೇಳುವುದು. ದೊಡ್ಡಳಿಯ ತುತ್ತು ನುಂಗಿ, ನೀರು ಕುಡಿದು, ಸಾವಕಾಶವಾಗಿ ಹೇಳುತ್ತಿದ್ದ. ಮಾವ ಹುಬ್ಬೇರಿಸಿ ಚಿಕ್ಕಳಿಯನ ಕಡೆ ತಿರುಗುತ್ತಿದ್ದರು. ಅವನ ಗಳಿಕೆ ಇವನದರ ಕಾಲುಭಾಗಕ್ಕೂ ಬರುತ್ತಿರಲಿಲ್ಲ. ಅದನ್ನು ಅವನು ಉಪ್ಪು ಕೊಡಿ ಎನ್ನುವಷ್ಟು ಸಲೀಸಾಗಿ ಹೇಳಿ, "ನಮ್ಮಣ್ಣಂಗೆ ಇನ್ನೂ ಏರಬೇಕು ಮಾವ, ಆ ಕಂಪನಿಯವ್ರು ಜಿಪುಣರು," ಎನ್ನುತ್ತಿದ್ದ.

ಮನಸ್ಸಿನಿಂದಲೇ ಹೇಳುತ್ತಿದ್ದ. ಅದೇ ಕಷ್ಟವಾಗಿದ್ದದ್ದು. ಹೊಟ್ಟೆ ಉರಿದುಕೊಳ್ಳಬೇಕಾದವನೇ ಉರಿದುಕೊಳ್ಳದಿದ್ದರೆ ಅಷ್ಟು ಸಂಬಳ ತಂದು ಏನು ಸುಖ? ಬದಲಿಗೆ ಅವನು ಮೊಣಕೈ ತಿವಿದು, ಆಫೀಸಿನಲ್ಲಿ ಈ ವಾರ ಏನು ಮಜಾ ಆಯಿತು ಅಣ್ಣ, ಹೇಳು ಎಂದು ಪೀಡಿಸುತ್ತಿದ್ದ. ದೊಡ್ಡಳಿಯನ ಕೆಲಸವೆಂದರೆ ಅಪಘಾತದಲ್ಲಿ ಕಳೆದುಹೋದ ಬೆರಳಿಗೆ ಎಷ್ಟು, ಕಣ್ಣಿಗೆ ಎಷ್ಟು ಎಂದು ತೀರ್ಮಾನಿಸುವುದು. ಅದರಲ್ಲಿ ಮಜಾ ಎಲ್ಲಿಂದ ಬರಬೇಕು? ಇವನು ಸಾರು ಬಡಿಸಲು ಹೇಳಿ ಮಾತು ಮರೆಸುತ್ತಿದ್ದ. ಆಗ ಚಿಕ್ಕಳಿಯ ತನ್ನ ವಾರದ ಕತೆ ಶುರುಮಾಡುತ್ತಿದ್ದ, ಅಕ್ಕ ತಂಗಿ ಇಬ್ಬರೂ ಸೌಟು ಹಿಡಿದುಕೊಂಡೇ ನಿಂತು ನಗುತ್ತಿದ್ದರು.

ಕೊನೆಗೆ ದೊಡ್ಡಳಿಯ ಒಂದು ಉಪಾಯ ಮಾಡಿದ. ತನ್ನ ಕಂಪನಿಯಲ್ಲೇ ಅವನಿಗೊಂದು ಕೆಲಸ ಕೊಡಿಸಿದ, ಅವನ ದುಡಿಮೆಯ ಎರಡು ಪಟ್ಟಿಗಿಂತ ಹೆಚ್ಚಿನ ಸಂಬಳಕ್ಕೆ. ಊರೆಲ್ಲ ಇವನ ದೊಡ್ಡ ಮನಸ್ಸನ್ನು ಹೊಗಳಿತು. ನಿಜ ಹೇಳಬೇಕೆಂದರೆ, ನನ್ನ ಹಾಗೆ ಇವನೂ ಒಂದಷ್ಟು ವರ್ಷ ಆ ಮೇಜಿನ ಹಿಂದೆ ಕೂರಲಿ, ಆಮೇಲೂ ಶಿಳ್ಳೆ ಹಾಕುತ್ತ ಮನೆಗೆ ಬರುತ್ತಾನೋ ನೋಡಿಯೇಬಿಡೋಣ ಎಂಬ ಹಟ ಅದು. ಚಿಕ್ಕಳಿಯ ಹೆಂಡತಿಯ ಮಾತಿಗೆ ಕಟ್ಟುಬಿದ್ದು ಬಂದ. ಒಂದು ವಾರವೂ ನಿಲ್ಲಲಿಲ್ಲ. ಯಾಕೆ ಎಂಬುದು ಆಫೀಸಿನವರಿಗೆ ಬಿಟ್ಟರೆ ಹೊರಗೆ ಯಾರಿಗೂ ತಿಳಿಯಲಿಲ್ಲ. ನನ್ನ ಮಾನ ಹೋಗುತ್ತದೆ, ಮನೆಯಲ್ಲಿ ಬಾಯಿ ಬಿಡಬೇಡ ಎಂದು ದೊಡ್ಡಳಿಯ ಕೈಮುಗಿದಿದ್ದ. ಕೆಲಸ ಆಗಿಬರಲಿಲ್ಲ ಎಂದಷ್ಟೇ ಹೇಳಿ ಚಿಕ್ಕಳಿಯ ಸುಮ್ಮನಾಗಿಬಿಟ್ಟ.

* * *

ಹೊರಗೆ ಕಾರು ನಿಂತ ಸದ್ದಾಯಿತು. ಇಳಿದವರನ್ನು ನೋಡಿ ದೊಡ್ಡಳಿಯನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕಂಪನಿಯ ಮಾಜಿ ಮುಖ್ಯಾಧಿಕಾರಿ, ಇವನ ಮೇಲಧಿಕಾರಿಯಾಗಿದ್ದ ಸಾಹೇಬರು. ತೊಂಬತ್ತರ ಹತ್ತಿರದ ವಯಸ್ಸು, ಡ್ರೈವರ್ ಹಿಡಿದುಕೊಂಡಿದ್ದ. ಇವನ ಬೀಳ್ಕೊಡುಗೆಗೂ ಬಾರದಿದ್ದವರು, ತನಗಾಗಿಯೇ ಇಲ್ಲಿಯವರೆಗೆ ಬಂದರು ಎಂದುಕೊಂಡು ಅವನು ಎದುರು ಓಡಿದ. ಇದ್ದುದರಲ್ಲಿ ಒಳ್ಳೆಯ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂರಿಸಿದ. ಸಾಹೇಬರು ಇವನ ಮುಖವನ್ನೇ ದಿಟ್ಟಿಸಿ ನೋಡಿದರು.

"ನೀವು ಇವ್ರ ಷಡ್ಡಕ ಅಲ್ವಾ?" ಎಂದರು.

"ಹೌದು ಸರ್. ನಾನು ನಿಮ್ಮ ಕೈಕೆಳಗೇ ಇಪ್ಪತ್ತು ವರ್ಷ..."

"ಹೌದಾ? ಸಂತೋಷ," ಎಂದು ಸಾಹೇಬರು ಚಿಕ್ಕಳಿಯನನ್ನು ಮಲಗಿಸಿದ್ದ ತೆರೆದ ಪೆಟ್ಟಿಗೆಯ ಕಡೆ ಮುಖ ತಿರುಗಿಸಿ ಕರ್ಚೀಫು ತೆಗೆದರು. ಅವರ ಕಣ್ಣು ತುಂಬಿತ್ತು.

ದೊಡ್ಡಳಿಯ ಮುಖ ಹುಳ್ಳಗೆ ಮಾಡಿಕೊಂಡು ಹೆಂಡತಿಯ ಪಕ್ಕಕ್ಕೆ ಬಂದ. ತಡೆಯಲಾಗದೆ ಬಗ್ಗಿ ಪಿಸುಗುಟ್ಟಿದ.

"ಏನೇ, ನಾನು ಹೋದ್ರೆ ಇಷ್ಟು ಜನ ಬರ್ತಾರಾ?"

ಅವಳು ಒದ್ದೆಗಣ್ಣಿನಿಂದಲೇ ಅವನನ್ನು ನೋಡಿದಳು. "ರೀ, ಇವತ್ತೂ ಅದೇನಾ?" ಎಂದು ತಂಗಿಗೆ ನೀರು ತರಲು ಎದ್ದುಹೋದಳು.

ನಾದಿನಿ ಒಬ್ಬಳೇ ಉಳಿದಳು. ಏನಾದರೂ ಹೇಳಬೇಕಲ್ಲ ಎಂದು ದೊಡ್ಡಳಿಯ, ಎಂಥ ತೃಪ್ತಿಯ ಜೀವ, ಹೂವಿನ ಹಾಗೆ ಹೋದ ಎಂದ. ಬೆಳಗಿನಿಂದ ಎಲ್ಲರೂ ಹೇಳುತ್ತಿದ್ದ ಮಾತೇ. ನಾದಿನಿ ಅದಕ್ಕೆ ತಲೆಯಾಡಿಸುತ್ತಲೇ ಇದ್ದವಳು ಈಗ ಆಡಿಸಲಿಲ್ಲ.

"ಅವ್ರು ತೃಪ್ತಿಯಾಗೇ ಇದ್ರು ಭಾವ. ಮನೆ ಖರ್ಚಿಗೆ ಕಡಿಮೆ ಬಿದ್ದಿದ್ದೆಲ್ಲ ನನ್ನ ಪಾಲಿಗೆ ಬಂತು, ತೃಪ್ತಿಯೆಲ್ಲ ಅವ್ರ ಪಾಲಿಗೆ ಹೋಯ್ತು. ನೀವು ಕೊಡಿಸಿದ ಕೆಲಸ ಬಿಟ್ಟು ಬಂದ ದಿನ ನಾನು ಬಚ್ಚಲಮನೆ ಬಾಗ್ಲು ಹಾಕ್ಕೊಂಡು ಅತ್ತಿದ್ದೆ. ಯಾಕೆ ಬಿಟ್ರಿ ಅಂದ್ರೆ ಬಾಯೇ ಬಿಡ್ಲಿಲ್ಲ. ಊರಿಗೆಲ್ಲ ಜೋಕು ಹೇಳೋ ಮನುಷ್ಯ, ನನ್ ಹತ್ರ ಬಾಯಿ ಹೊಲ್ಕೊಂಡು ಕೂತ್ರು." ಅವಳು ಗಂಡನ ಪೆಟ್ಟಿಗೆಯನ್ನು ನೋಡಿದಳು. "ಅಕ್ಕನ ಮನೆ ಫ್ರಿಜ್ಜು, ಅಕ್ಕನ ಮನೆ ಸೋಫಾ. ನಂಗೇನು ಹೊಟ್ಟೆ ಉರಿದಿಲ್ಲ ಅಂದ್ಕೊಂಡ್ರಾ?"

ದೊಡ್ಡಳಿಯನಿಗೆ ಎದೆಯೊಳಗೆ ತಣ್ಣಗೆ ಏನೋ ಹರಿದಂತಾಯಿತು. ಛೀ, ಇಂಥ ಹೊತ್ತಿನಲ್ಲಿ ಖುಷಿಪಡಬಾರದು ಎಂದು ತನಗೆ ತಾನೇ ಹೇಳಿಕೊಂಡ. ಖುಷಿ ಕೇಳಬೇಕಲ್ಲ! ಇಷ್ಟು ವರ್ಷ ಕಾದದ್ದಕ್ಕೆ ಇವನ ಸಂಬಳ ಕಂಡು ಹೊಟ್ಟೆ ಉರಿದುಕೊಂಡವರು ಆ ಮನೆಯಲ್ಲಿ ಕೊನೆಗೂ ಒಬ್ಬರು ಸಿಕ್ಕಿದ್ದರು. ಚಿಕ್ಕಳಿಯನ ತೃಪ್ತಿಯ ಲೆಕ್ಕದಲ್ಲಿ ತೂತು ಸಿಕ್ಕಿತ್ತು. ಹೊತ್ತೊಯ್ಯುವ ಮುನ್ನ ಮನೆಯ ಹಿರಿಯರು ಎರಡು ಮಾತಾಡಲಿ ಎಂದು ಯಾರೋ ಕರೆದಾಗ, ಅವನು ತಡಮಾಡದೆ ಮೈಕಿನ ಮುಂದೆ ಹೋಗಿ ನಿಂತ. ಇವತ್ತು ಹೇಳಿಯೇಬಿಡುವುದು. ಹೊಗಳಿದ್ದು ಸಾಕು. ಹೆಂಡತಿಯೂ ಕೇಳಲಿ.

"ತೃಪ್ತಿ ತೃಪ್ತಿ ಅಂತೀರಿ," ಎಂದು ಶುರುಮಾಡಿದ. ದನಿ ಬೇಕಾದದ್ದಕ್ಕಿಂತ ಗಟ್ಟಿಯಾಗಿತ್ತು. "ಈ ಮನುಷ್ಯನಿಗೆ ನಾನೊಂದು ಕೆಲಸ ಕೊಡಿಸಿದ್ದೆ. ಒಳ್ಳೇ ಸಂಬಳದ್ದು. ಯಾಕೆ ಹೋಯ್ತು ಗೊತ್ತಾ? ಹೆಡ್ಡಾಫೀಸಿಂದ ದೊಡ್ಡೋರು ಬಂದಿದ್ರು. ನಮ್ಮ ಸಾಹೇಬ್ರು, ಇಲ್ಲೇ ಕೂತಿದಾರೆ, ನಡುವೆ ನಿಂತು ಶಿಸ್ತಿನ ಬಗ್ಗೆ ಭಾಷಣ ಮಾಡ್ತಿದ್ರು. ನಾವೆಲ್ಲ ಕೈಕಟ್ಟಿ ನಿಂತಿದ್ವಿ. ಇವನು ಹೊಸಬ, ತೆಪ್ಪಗೆ ನಿಲ್ಲಬೇಕೋ ಬೇಡ್ವೋ? ಸಾಹೇಬ್ರ ಬಾಯನ್ನೇ ನೋಡ್ತಾ ನೋಡ್ತಾ ಮುಂದೆ ಹೋದ. 'ಸರ್, ನಿಮ್ಮ ಕೆಳಗಿನ ಸೆಟ್ಟು ಸಡಿಲ ಇದೆ. ತೆಗ್ದುಕೊಡಿ, ಸಂಜೆಯೊಳಗೆ ಸರಿಮಾಡ್ತೀನಿ' ಅಂದ. ಅಂದಿದ್ದಷ್ಟೇ ಅಲ್ಲ, ಕೈಯೂ ಚಾಚಿದ."

ಹಿಂದಿನ ಸಾಲಿನಲ್ಲಿ ಯಾರೋ ಪುಸಕ್ಕನೆ ನಕ್ಕರು. ದೊಡ್ಡಳಿಯನಿಗೆ ಸಿಟ್ಟು ಬಂತು.

"ನಗ್ತೀರಿ. ಅದು ಕಟ್ಟುಹಲ್ಲು ಅಂತ ಅಲ್ಲಿವರೆಗೂ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ದಿನಾ ಬೆಳಗ್ಗೆ ಉಪ್ಪುನೀರು ಮುಕ್ಕಳಿಸ್ರಿ, ನನ್ನ ಹಲ್ಲು ನೋಡ್ರಿ ಅಂತ ಸಾಹೇಬ್ರೇ ನಮಗೆಲ್ಲ ಬುದ್ಧಿ ಹೇಳ್ತಿದ್ರು. ನಾನು ವರ್ಷಾನುಗಟ್ಟಲೆ ಮುಕ್ಕಳಿಸಿದೀನಿ!"

ಈಗ ನಗು ಎರಡು ಮೂರು ಸಾಲುಗಳಿಂದ ಬಂತು. ಅವನು ಮೈಕನ್ನು ಗಟ್ಟಿಯಾಗಿ ಹಿಡಿದುಕೊಂಡ. "ನನ್ನ ಗತಿ ಕೇಳಿ. ಕರ್ಕೊಂಡು ಬಂದೋನು ನಾನು. ಪೆನ್ನು ಬಿತ್ತು ಅಂತ ಮೇಜಿನ ಕೆಳಗೆ ಹೋದೆ. ಪೆನ್ನು ಜೇಬಲ್ಲೇ ಇತ್ತು. ಸಂಜೆ ಸಾಹೇಬ್ರು ಕರೆಸಿದ್ರು. ಮುಗೀತು ನನ್ನ ಕತೆ ಅಂದ್ಕೊಂಡು ಹೋದ್ರೆ, ಬಾಗ್ಲು ಹಾಕ್ಸಿ, ಮೆಲ್ಲಗೆ, 'ನಿಮ್ಮ ಷಡ್ಡಕನ ಅಂಗಡಿ ಎಲ್ಲಿ?' ಅಂದ್ರು. ಅಷ್ಟು ವರ್ಷದ ನೌಕರಿಲಿ ಆ ಕೋಣೇಲಿ ನಂಗೆ ಕೂತ್ಕೋ ಅಂದಿದ್ದು ಅದೊಂದೇ ಸಲ. ದಾರಿ ಕೇಳೋಕೆ!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಸಾಹೇಬರು ದವಡೆ ಹಿಡಿದುಕೊಂಡು ಅಲುಗಾಡುತ್ತಿದ್ದರು. ಮುಂಗೋಪಿ ಮೇಷ್ಟ್ರು ತೊಡೆ ತಟ್ಟಿಕೊಂಡರು. ನಾದಿನಿ ಪೆಟ್ಟಿಗೆಯ ಅಂಚು ಹಿಡಿದು, "ಇದನ್ನ ನಂಗೆ ಹೇಳ್ಲೇ ಇಲ್ವಲ್ರೀ, ಹೇಳ್ಲೇ ಇಲ್ವಲ್ಲ," ಎಂದು ಸತ್ತ ಗಂಡನ ಎದೆಯ ಮೇಲೆ ಮೆತ್ತಗೆ ಗುದ್ದಿ, ನಗುತ್ತಲೇ ಅಳತೊಡಗಿದಳು. ನೀರಿನ ಲೋಟ ಹಿಡಿದು ಬಂದ ಇವನ ಹೆಂಡತಿ ನಡುದಾರಿಯಲ್ಲೇ ನಿಂತಿದ್ದಳು. ನಗು ತಡೆಯಲಾಗದೆ ಅವಳ ಕೈಯ ನೀರು ಚೆಲ್ಲುತ್ತಿತ್ತು. ಅವಳು ನೋಡುತ್ತಿದ್ದದ್ದು ಗಂಡನನ್ನು.

ದೊಡ್ಡಳಿಯ ಅವಳನ್ನೇ ನೋಡಿದ. ಹೇಳಬೇಕೆಂದು ಬಂದಿದ್ದ ಕಹಿ ಮಾತುಗಳೆಲ್ಲ ಎತ್ತ ಹೋದವೋ ತಿಳಿಯಲಿಲ್ಲ. ಇಂಥ ಸುಖವನ್ನು ಚಿಕ್ಕಳಿಯ ದಿನಾ ಅನುಭವಿಸುತ್ತಿದ್ದನೇ, ಪ್ರತಿ ದಿನ? ಹೊಟ್ಟೆಕಿಚ್ಚು ಭಗ್ಗೆಂದಿತು, ಹಿಂದೆಂದೂ ಇಷ್ಟು ಉರಿದಿರಲಿಲ್ಲ. ಅದರ ಜೊತೆಗೇ ಮೈಯೆಲ್ಲ ಬೆಚ್ಚಗಾಯಿತು.

"ಇನ್ನೊಂದಿದೆ," ಎಂದ.

ಹೊರುವವರು ಆಗಲೇ ಬಂದು ಪೆಟ್ಟಿಗೆಯ ನಾಲ್ಕು ಮೂಲೆಗೆ ನಿಂತಿದ್ದರು. ಅವರಲ್ಲೊಬ್ಬ ಕೈಗಡಿಯಾರ ನೋಡಿಕೊಂಡ. ಹೊತ್ತಾಯಿತು ಎಂದು ಯಾರೋ ಸನ್ನೆ ಮಾಡಿದರು. ಹೆಂಡತಿ ಹತ್ತಿರ ಬಂದು, "ಸಾಕು ಬನ್ರೀ, ಅವ್ರನ್ನ ಕಳಿಸ್ಕೊಡೋಣ," ಎಂದು ತೋಳು ಹಿಡಿದಳು. ಅವನು ಮೈಕು ಬಿಟ್ಟ, ಮಾತು ಬಿಡಲಿಲ್ಲ. ಪೆಟ್ಟಿಗೆ ಹೆಗಲಿಗೇರಿತು. ಜನ ಎದ್ದುನಿಂತರು, ನಗು ಅಡಗಿತು, ಎಲ್ಲರ ಕಣ್ಣೂ ಸತ್ತವನ ಕಡೆ ತಿರುಗಿದವು. ಆಗ ದೊಡ್ಡಳಿಯ ಬಿರಬಿರನೆ ನಡೆದು ಪೆಟ್ಟಿಗೆಯನ್ನು ದಾಟಿ ಮುಂದೆ ಬಂದ. ಜನರಿಗೆ ಮುಖಮಾಡಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಮೆಟ್ಟಿಲು ಇಳಿದು, ಬಿಸಿಲಿನ ಬೀದಿಯ ನಡುವೆ, ಹೊತ್ತವರಿಗೆ ದಾರಿ ಸಿಗದ ಹಾಗೆ ಎರಡು ಕೈ ಆಡಿಸುತ್ತ, ಆಫೀಸಿನಲ್ಲಿ ಒಂದು ದಿನ ಏನಾಯಿತು ಎಂದು ಜೋರಾಗಿ ಹೇಳುತ್ತಲೇ ಇದ್ದ.