ಅರ್ಧ ಮಾತ್ರೆ

ಸ್ಕ್ರೂ ಉರುಳಿ ಬಟ್ಟೆಯ ಮಡಿಕೆಯಲ್ಲಿ ನಿಂತಿತು, ಸದ್ಯ, ನೆಲಕ್ಕೆ ಬಿದ್ದಿದ್ದರೆ ಕನ್ನಡಕದ ಸ್ಕ್ರೂ ಹುಡುಕುವುದು ಯಾರಿಗೆ ಬೇಕು, ಸಾಸಿವೆಯಷ್ಟಿಲ್ಲ — ಹೊರಗೆ ಅಜ್ಜಿಯೊಬ್ಬರು ಕಡ್ಡಿ ಕಳಚಿದ ಕನ್ನಡಕ ಕೊಟ್ಟು ಕಾಯುತ್ತಿದ್ದಾರೆ, ಅಂಗಡಿ ಯಜಮಾನರು ಪರದೆ ಸರಿಸಿ ಇಣುಕುತ್ತಾರೆ, ಇನ್ನೇನು ಆಯ್ತು ಸಾರ್ — ಬೆರಳುಗಳು ಇವತ್ತು ಚೆನ್ನಾಗಿ ಮಡಚುತ್ತಿವೆ, ಬೆಳಿಗ್ಗೆ ಎದ್ದಾಗಲೂ ಗಂಟು ನೋಯಲಿಲ್ಲ, ನೋವಿದ್ದರೂ ಭಯ, ಇಲ್ಲದಿದ್ದರೂ ಭಯ, ಎಂಥಾ ಕರ್ಮವೋ — ಕೈ ಒರೆಸೋಣವೆಂದು ಕೋಟಿನ ಜೇಬಿನಿಂದ ಕರವಸ್ತ್ರ ಎಳೆದರೆ ತಟ್ಟೆಗೆ ಟಕ್ಕೆಂದು ಏನೋ ಬಿತ್ತು, ಸ್ಕ್ರೂಗಳ ನಡುವೆ, ಬೆಳ್ಳಗೆ. ಅರ್ಧ ಮಾತ್ರೆ.

ಸ್ಟಿರಾಯ್ಡ್ ಮಾತ್ರೆಯಲ್ಲವೇ ಇದು, ತಿಂಡಿಯಾದ ಮೇಲೆ ಇಲ್ಲೇ ಈ ಸ್ಟೂಲಿನ ಮೇಲೆ ಕೂತು ನುಂಗಿದೆನಲ್ಲ, ಇಡೀ ಮಾತ್ರೆ ನುಂಗಬೇಕಿತ್ತಲ್ಲ, ಯಾವಾಗ ಮುರಿದೆ — ಕೈಗೆ ಅದೇ ರೂಢಿ, ಕೀಲಿನ ಡಾಕ್ಟರೇ ಕಲಿಸಿದ್ದು, ನೋವು ಇಳಿದಾಗ ಅರ್ಧಕ್ಕೆ ಇಳಿಸಿ, ಮುಖ ಊದೋದು ತಪ್ಪತ್ತೆ, ವರ್ಷಗಟ್ಟಲೆ ಹಾಗೇ ಮುರಿದೆ, ಇವತ್ತು ಬೆರಳು ನೋಯಲಿಲ್ಲ, ನನ್ನನ್ನು ಕೇಳದೆ ಕೈ ಮುರಿದುಬಿಟ್ಟಿತು, ಹಾಳು ಕೈ, ಈಗ ಹಾಗಲ್ಲ, ಈಗ ಇಡೀ ಮಾತ್ರೆ ಅಂದಿದ್ದಾರೆ ಬಸಿರಿನ ಆಸ್ಪತ್ರೆಯವರು, ಒಳಗೆ ಇನ್ನೊಂದು ಜೀವ ಇಟ್ಟಿದ್ದಾರೆ — ಬೇಲಿಯೇ ಎದ್ದು ಹೊಲ ಮೇಯ್ದಂಗೆ ಕಣ್ರೀ ನಿಮ್ಮ ಕಾಯಿಲೆ, ಕಾಯಬೇಕಾದ್ದೇ ಕಡಿಯತ್ತೆ ಅಂದಿದ್ದರು ಕೀಲಿನ ಡಾಕ್ಟರು, ಆಗ ನಗು ಬಂದಿತ್ತು, ಮೊದಲು ಕೀಲು, ಆಮೇಲೆ ಅಂಡಾಶಯ, ನನ್ನ ಅಂಡಗಳನ್ನು ನನ್ನ ಮೈಯೇ ಮುಗಿಸಿತು, ಯಾರೋ ಹೆಂಗಸು ತನ್ನದು ಕೊಟ್ಟಳು, ಹೆಸರು ಹೇಳುವಂತಿಲ್ಲ, ಎತ್ತರ, ರಕ್ತದ ಗುಂಪು ಅಷ್ಟೇ, ಎಲ್ಲಿದ್ದಾಳೋ, ಪುಣ್ಯಾತ್ಗಿತ್ತಿ, ಅದಕ್ಕೆ ನಮ್ಮನೆಯವರದ್ದು ಸೇರಿಸಿ ನನ್ನೊಳಗೆ ಬಿಟ್ಟರು, ಇವರು ಪಕ್ಕದಲ್ಲಿ ನಿಂತು ನನ್ನ ಕೈಯನ್ನು ಅದೆಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಗಂಟುಗಳು ಕೆಂಪಾಗಿದ್ದವು, ಬಿಡಿ ಅನ್ನಲಿಲ್ಲ ನಾನು — ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ, ಅತ್ತೆ ನಿಜವಾಗಿಯೂ ಹೊಲಿಯುತ್ತಿದ್ದಾರೆ, ಮೂಗು ನಿಂದೇ ಬರಲಿ ಕಣೇ, ನನ್ನ ಮಗಂದು ಬೇಡ, ಅವರಿಗೆ ಗೊತ್ತಿಲ್ಲ, ಹೇಳಿಲ್ಲ ನಾವು, ನನ್ನ ಮೂಗು ಎಲ್ಲಿಂದ ತರಲಿ ಅತ್ತೆ — ನನ್ನದನ್ನೆಲ್ಲ ಕಡಿದ ಮೈ ಬೇರೆಯವರದನ್ನಾದರೂ ಬಿಡಬಹುದು, ಅತಿಥಿ ಅಂತಲಾದರೂ, ಅಥವಾ ಕಳ್ಳ ಹೊಕ್ಕನೆಂದು ಎದ್ದು ನಿಂತಿದೆಯೋ, ಈಗಲೇ, ನಾನಿಲ್ಲಿ ಕೂತಿರುವಾಗಲೇ.

ಜೇಬಿಗೆ ಮತ್ತೆ ಕೈ ಹಾಕಿದೆ, ಮೂಲೆಯಲ್ಲಿ ಇನ್ನೊಂದು ಅರ್ಧ, ಅಂಚು ಸವೆದದ್ದು. ಇದು ನಿನ್ನೆಯದೋ ಹೋದ ವರ್ಷದ್ದೋ, ಕೆಲಸದ ಕೋಟು ಮನೆಗೆ ಹೋಗುವುದಿಲ್ಲ, ರಾತ್ರಿ ಇಲ್ಲೇ ಮೊಳೆಗೆ ನೇತಾಡುತ್ತದೆ, ಯಾರನ್ನು ಕೇಳಲಿ, ಇವರಿಗೆ ಫೋನ್ ಮಾಡಿದರೆ ಇವರು ನನಗಿಂತ ಪುಕ್ಕಲು, ಆಸ್ಪತ್ರೆಯ ನರ್ಸ್‌ಗೆ ಮಾಡಿದೆ, ನೋವೇನಾದ್ರೂ ಇದೆಯಾ ಮೇಡಂ, ಇಲ್ಲ, ಹಾಗಾದ್ರೆ ಉಳಿದರ್ಧ ಈಗ ತಗೊಂಡ್ಬಿಡಿ, ಒಂದಿನಕ್ಕೆ ಏನೂ ಆಗಲ್ಲ, ಒಂದೇ ದಿನ ತಾನೆ, ನಾನು ಹೂಂ ಅಂದೆ, ಯಾಕೆ ಹೂಂ ಅಂದೆ, ಕೀಲು ಹಿಡಿದ್ರೆ ಮಾತ್ರ ತಕ್ಷಣ ಫೋನ್ ಮಾಡಿ, ಆಯ್ತಾ — ನುಂಗಿದೆ, ಕಹಿ ಗಂಟಲಲ್ಲೇ ನಿಂತಿದೆ, ಆಯ್ತೇನಮ್ಮ ಅಂತ ಅಜ್ಜಿ ಹೊರಗಿನಿಂದ ಕೇಳುತ್ತಾರೆ, ಆಯ್ತಜ್ಜಿ, ಸ್ಕ್ರೂ ಹಿಡಿದೆ, ತೂತಿಗೆ ಇಟ್ಟೆ, ತಿರುಗಿಸಿದೆ, ತೋರುಬೆರಳಿನ ಬುಡದಲ್ಲಿ ಚುಳ್ಳೆಂದಿತು.

ಇಲ್ಲ, ಏನೂ ಅಲ್ಲ, ಬಿಗಿ ಹಿಡಿದದ್ದಕ್ಕೆ — ಮತ್ತೆ ತಿರುಗಿಸಿದೆ, ಮತ್ತೆ ಚುಳ್, ಬಿಸಿ, ಹೀಗೇ ಶುರುವಾಗುವುದು, ಯಾವಾಗಲೂ ಇದೇ ಬೆರಳಿಂದ, ಬಂದೆಯಾ, ಬಾ, ಬಂದದ್ದು ಬಂದೆ, ಇಲ್ಲೇ ಇರು, ಈ ಬೆರಳು ತಗೋ, ಹತ್ತೂ ತಗೋ, ಮಣಿಕಟ್ಟು ತಗೋ, ಮಂಡಿ ತಗೋ, ಕನ್ನಡಕ ರಿಪೇರಿ ಯಾರು ಬೇಕಾದರೂ ಮಾಡುತ್ತಾರೆ, ಕೆಳಗೆ ಮಾತ್ರ ಇಳಿಯಬೇಡ, ಅದು ನನ್ನದಲ್ಲ, ಕೇಳಿಸಿತೇ, ನನ್ನದಲ್ಲ ಅದು, ನಿನಗೆ ನನ್ನ ಮೇಲಲ್ಲವೇ ಸಿಟ್ಟು — ಫೋನ್ ಮಾಡಬೇಕು, ತಕ್ಷಣ ಅಂದಿದ್ದಾರೆ, ಮಾಡುತ್ತೇನೆ, ದೀಪದ ಕೆಳಗೆ ಕೈ ಇಟ್ಟಿದ್ದೇನೆ, ಗಂಟು ಕೆಂಪಾಗುತ್ತಿದೆ, ಕೆಂಪಗೆ ಉಬ್ಬುತ್ತಿದೆ, ಮಡಚಲು ನೋಡುತ್ತೇನೆ, ಮಡಚುತ್ತಿಲ್ಲ, ಗಂಟು, ಕೆಂಪಗೆ, ಗಂಟು