ಹದಿನಾರು ಡಿಗ್ರಿಯ ಸೆಕೆ

ಏಸಿ ಮೆಕ್ಯಾನಿಕ್ಕಿನ ಮನೆಯಲ್ಲಿ ಏಸಿ ಇರಲಿಲ್ಲ. ಇದನ್ನು ಕೇಳಿ ನಗದೇ ಇದ್ದವರು ಆ ಕಟ್ಟಡದಲ್ಲಿ ಒಬ್ಬರೇ: ಅವನ ಹೆಂಡತಿ.

ಅವರದು ಎಲ್ಲಕ್ಕಿಂತ ಮೇಲಿನ ಮಹಡಿ. ಕಟ್ಟಡದ ನಡುಮಧ್ಯೆ, ನೆಲದಿಂದ ತಾರಸಿಯವರೆಗೆ, ಬಾವಿಯ ಹಾಗೆ ಒಂದು ಖಾಲಿ ಜಾಗವಿತ್ತು. ಎಲ್ಲರೂ ಅದನ್ನು ಡಕ್ಟ್ ಅನ್ನುತ್ತಿದ್ದರು. ಒಂದು ಕಾಲಕ್ಕೆ ಅದರಲ್ಲಿ ಗಾಳಿಯಾಡುತ್ತಿತ್ತು, ಪಾರಿವಾಳಗಳು ಸಂಸಾರ ಹೂಡಿದ್ದವು. ಆಮೇಲೆ ಬೇಸಿಗೆ ವರ್ಷವರ್ಷಕ್ಕೂ ಕಾಲು ಚಾಚತೊಡಗಿತು. ಮೊದಲು ಚಳಿಗಾಲದ ಜಾಗ ಒತ್ತುವರಿಯಾಯಿತು, ಆಮೇಲೆ ಮಳೆಗಾಲದ ಅರ್ಧ. ಮನೆಮನೆಗೂ ಏಸಿ ಬಂತು, ಅವುಗಳ ಹೊರಗಿನ ಪೆಟ್ಟಿಗೆಗಳು ಡಕ್ಟಿನ ಗೋಡೆಗೆ ಒಂದರ ಮೇಲೊಂದು ನೇತುಬಿದ್ದವು. ಒಂದೊಂದನ್ನೂ ಮೊಳೆ ಹೊಡೆದು ಕೂರಿಸಿದವನು ಇದೇ ಮೆಕ್ಯಾನಿಕ್. ಕೆಳಗಿನವರೆಲ್ಲ ತಮ್ಮ ತಮ್ಮ ಕೋಣೆಯ ಸೆಕೆಯನ್ನು ಆ ಬಾವಿಗೆ ಸುರಿದು ನಿಶ್ಚಿಂತರಾದರು. ಸೆಕೆ ಮಾತ್ರ ಮೆಟ್ಟಿಲು ಹತ್ತುವ ಕಷ್ಟವೂ ಇಲ್ಲದೆ ಮೇಲೇರಿ, ಮೆಕ್ಯಾನಿಕ್ಕಿನ ಅಡುಗೆಮನೆ ಕಿಟಕಿಯಲ್ಲಿ ಇಣುಕುತ್ತಿತ್ತು. ಪಾರಿವಾಳಗಳು ಬುದ್ಧಿವಂತ ಪ್ರಾಣಿಗಳು, ಎಂದೋ ಮನೆ ಖಾಲಿ ಮಾಡಿದ್ದವು.

ಹೆಂಡತಿ ಅದೇ ಅಡುಗೆಮನೆಯಲ್ಲಿ ಕೇಕ್ ಮಾಡಿ ಮಾರುತ್ತಿದ್ದಳು. ಕ್ರೀಮಿನ ಗುಲಾಬಿಗಳಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಸಳಿನ ಅಂಚು ಎಷ್ಟು ತೆಳುವೆಂದರೆ, ನೋಡಿದವರು ಮೂಗು ಹತ್ತಿರ ತಂದು ಮೂಸುತ್ತಿದ್ದರು. ಈ ವರ್ಷ ಆ ಗುಲಾಬಿಗಳಿಗೆ ಏನೋ ಆಗಿತ್ತು. ಬೆಳಿಗ್ಗೆ ನೆಟ್ಟಗಿದ್ದವು ಮಧ್ಯಾಹ್ನದ ಹೊತ್ತಿಗೆ, ಗಡದ್ದಾಗಿ ಉಂಡೆದ್ದ ಮಾವಂದಿರ ಹಾಗೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಒರಗಿಬಿಡುತ್ತಿದ್ದವು.

"ಊರಿಗೆಲ್ಲ ತಂಪು ಹಂಚಿ, ಮಿಕ್ಕ ಕೆಂಡಾನ ಮನೆಗೆ ತರ್ತೀರಲ್ಲ ರೀ," ಎಂದಳು ಹೆಂಡತಿ, ಒಂದು ದಿನ, ಒರಗಿದ ಗುಲಾಬಿಯೊಂದನ್ನು ಚಾಕುವಿನಿಂದ ಎತ್ತಿ ಕಸಕ್ಕೆ ಹಾಕುತ್ತಾ.

"ನಾವೂ ಒಂದು ಏಸಿ ಹಾಕೋಣ ಅಂದ್ರೆ ಪೆಟ್ಟಿಗೆ ಎಲ್ಲಿ ಇಡ್ಲೇ? ಡಕ್ಟಿನ ಬಾಯಲ್ಲಿಟ್ರೆ ಬಿಸಿಗಾಳೀನೇ ಕುಡಿದು ಬಿಸಿಗಾಳೀನೇ ಉಗುಳತ್ತೆ. ಗಳಿಗೆಗೊಂದ್ಸಲ ನಿಂತುಹೋಗತ್ತೆ."

"ತಾರಸಿ ಮೇಲಿಡಿ."

"ಮ್ಯಾನೇಜರ್ ಸಾಹೇಬ್ರು ಬಿಡಬೇಕಲ್ಲ. ತಾರಸಿ ಅಂದ ಕೆಡತ್ತಂತೆ."

ಮ್ಯಾನೇಜರ್ ಅಂದರೆ ನೆಲಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು, ನಿವಾಸಿಗಳ ಸಂಘದ ಅಧ್ಯಕ್ಷರು. ತಾರಸಿಗೆ ಅವರು ಹತ್ತಿದ್ದನ್ನು ಕಂಡವರಿಲ್ಲ.

"ಸರಿ ಹಾಗಾದ್ರೆ," ಎಂದಳು ಹೆಂಡತಿ. ಅವಳು ಸರಿ ಎಂದರೆ ಏನೂ ಸರಿಯಿಲ್ಲ ಎಂದು ಅರ್ಥ. "ಎರಡನೇ ಮಹಡಿ ಅಜ್ಜಿಗೆ ತೊಂಬತ್ತಾಗತ್ತೆ, ಮೂರಂತಸ್ತಿನ ಕೇಕ್ ಹೇಳಿದಾರೆ. ಈ ಅಡುಗೆಮನೇಲಿ ಅದು ನಿಂತ್ರೆ ನಾನೂ ಇಲ್ಲಿ ನಿಲ್ತೀನಿ. ಇಲ್ಲಾಂದ್ರೆ ಒವನ್ ಹೊರಿಸ್ಕೊಂಡು ನಮ್ಮಣ್ಣನ ಮನೆಗೆ ಹೋಗ್ತೀನಿ. ಅವನ ಗ್ಯಾರೇಜು ಖಾಲಿ ಬಿದ್ದಿದೆ."

"ಸಂಜೆ ಸಂಜೆ ಬರ್ತೀಯಲ್ಲ?"

"ಅಣ್ಣನ ಮನೆ ಊರಾಚೆ ಇದೆ. ಭಾನುವಾರ ಬಂದು ನೋಡ್ಕೊಂಡು ಹೋಗ್ತೀನಿ."

ಮೆಕ್ಯಾನಿಕ್ ನಕ್ಕ. ಅವಳು ನಗಲಿಲ್ಲ. ಅವನ ಕೈ ಎಡಗಿವಿಗೆ ಹೋಯಿತು. ಬಾಯಿಗೆ ಮಾತು ಸಿಗದಾಗ, ಅಥವಾ ಸಿಕ್ಕ ಮಾತು ಹೇಳುವಂಥದ್ದಲ್ಲದಾಗ, ಆ ಕಿವಿ ಅವನಿಗೆ ತುರಿಸುತ್ತಿತ್ತು.

ಮರುದಿನ ಅವನು ಮ್ಯಾನೇಜರರ ಮನೆಯ ಏಸಿ ತೊಳೆಯಲು ಹೋದ. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ಮ್ಯಾನೇಜರು ಸೋಫಾದ ಮೇಲೆ ಗಲ್ಲದವರೆಗೆ ಕಂಬಳಿ ಹೊದ್ದು ಪೇಪರ್ ಓದುತ್ತಿದ್ದರು. ಕಾಲಿಗೆ ಉಣ್ಣೆಯ ಕಾಲುಚೀಲ.

"ಭೂಮಿ ಕಾದು ಕೆಂಪಾಗ್ತಾ ಇದೆ ಕಣಯ್ಯಾ. ಹಿಮದ ಬೆಟ್ಟಗಳೇ ಕರಗ್ತಾ ಇವೆ. ಯಾರಾದ್ರೂ ಏನಾದ್ರೂ ಮಾಡ್ಬೇಕು."

"ಮಾಡ್ಬೇಕು ಸಾರ್."

"ಜನಕ್ಕೆ ಸ್ವಾರ್ಥ. ಅದು ಬಿಡು, ಮೇಲಿನ ಟೈರಿನೋನು ಎಷ್ಟಿಟ್ಟಿದಾನೆ?"

ಟೈರಿನೋನು ಅಂದರೆ ಅಜ್ಜಿಯ ಮಗ, ಟೈರ್ ಅಂಗಡಿಯ ಯಜಮಾನ. "ಹದಿನೆಂಟು ಸಾರ್," ಎಂದ ಮೆಕ್ಯಾನಿಕ್.

"ನಮ್ಮದು ಹದಿನೇಳು ಮಾಡು." ಹೀಗೆಂದು ಮ್ಯಾನೇಜರು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡರು.

ಸ್ಟೂಲಿನ ಮೇಲೆ ನಿಂತಿದ್ದ ಮೆಕ್ಯಾನಿಕ್ಕಿಗೆ ಆಗ ಜ್ಞಾನೋದಯವಾಯಿತು. ಬಂದ ಚಳಿಯನ್ನು ಇವರು ಕಂಬಳಿ ಕೊಟ್ಟು ಓಡಿಸುತ್ತಿದ್ದಾರೆ. ಇಟ್ಟುಕೊಂಡಿರುವುದು ಸಂಖ್ಯೆಯನ್ನಷ್ಟೇ. ಸಂಖ್ಯೆ ಕೊಡುವುದಕ್ಕೆ ಡಕ್ಟಿಗೆ ಅಷ್ಟು ಬೆಂಕಿ ಯಾಕೆ ಉಗುಳಬೇಕು?

ಏಸಿಯೊಳಗೆ ಕೋಣೆಯ ಬಿಸಿ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಅದರ ತಂತಿಗೆ ಅಕ್ಕಿಕಾಳಿನಷ್ಟು ದಪ್ಪದ ಒಂದು ರೆಸಿಸ್ಟರ್ ಬೆಸೆದರೆ ಯಂತ್ರಕ್ಕೆ ಭ್ರಮೆ ಹಿಡಿಯುತ್ತದೆ. ಕೋಣೆ ಇಪ್ಪತ್ತಾರರಲ್ಲಿರುವಾಗಲೇ ಹದಿನಾರಕ್ಕೆ ಇಳಿಯಿತೆಂದು ನಂಬಿ, ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಮೆಕ್ಯಾನಿಕ್ ಕಾಳು ಬೆಸೆದು, ಮುಚ್ಚಳ ಹಾಕಿ, ಸ್ಟೂಲಿನಿಂದ ಇಳಿದ. "ಹದಿನೇಳ್ಯಾಕೆ ಸಾರ್, ನಿಮಗೆ ಹದಿನಾರೇ ಇರ್ಲಿ. ಇದಕ್ಕಿಂತ ಕಡಿಮೆ ಕಂಪನಿಯೋರೇ ಕೊಡಲ್ಲ."

ಒಂದು ವಾರ ಅವನು ಮ್ಯಾನೇಜರರ ಬಾಗಿಲ ಮುಂದೆ ಸುಳಿಯಲಿಲ್ಲ. ಎಂಟನೆಯ ದಿನ ಮ್ಯಾನೇಜರು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು. "ಏನು ಮಾಡಿದೆಯಯ್ಯಾ ಏಸಿಗೆ?" ಮೆಕ್ಯಾನಿಕ್ಕಿನ ಕೈ ಕಿವಿಗೆ ಹೋಗಿಯೇಬಿಟ್ಟಿತ್ತು. "ಇಂಥ ಕೂಲಿಂಗು ಇದುವರೆಗೆ ಕಂಡಿರ್ಲಿಲ್ಲ! ಹಲ್ಲು ಕಟಕಟ ಅನ್ನತ್ತೆ!"

ಸುದ್ದಿ ಹಬ್ಬಿತು. ಟೈರ್ ಅಂಗಡಿಯವನು ತನಗೂ ಹದಿನಾರು ಬೇಕೆಂದ. ಅವನನ್ನು ನೋಡಿ ಎದುರುಮನೆಯವರು, ಅವರನ್ನು ನೋಡಿ ಕೆಳಗಿನವರು. ಮನೆಗೊಂದು ಕಾಳಿನಂತೆ ಇಡೀ ಕಟ್ಟಡವೇ ಹದಿನಾರಕ್ಕಿಳಿಯಿತು. ಕರೆಂಟ್ ಬಿಲ್ಲು ಕೂಡ ಇಳಿಯಿತು. ಬಿಲ್ಲು ಏರಿದರೆ ತನಿಖೆ ಮಾಡುವ ಜನ, ಇಳಿದರೆ ತಮ್ಮ ಅದೃಷ್ಟಕ್ಕೆ ಕೈಮುಗಿದು ಸುಮ್ಮನಿರುತ್ತಾರೆ. ಡಕ್ಟಿನಲ್ಲಿ ಪೆಟ್ಟಿಗೆಗಳು ದಿನದ ಬಹುಪಾಲು ಬಾಯಿ ಮುಚ್ಚಿಕೊಂಡಿದ್ದವು, ಹಳೆಯ ಗಾಳಿ ಮತ್ತೆ ಆಡತೊಡಗಿತು. ಮೇಲಿನ ಅಡುಗೆಮನೆಯಲ್ಲಿ ಒಂದು ಗುಲಾಬಿ ಮಧ್ಯಾಹ್ನ ದಾಟಿ ಸಂಜೆಯವರೆಗೂ ನೆಟ್ಟಗೆ ನಿಂತಿತು.

"ಗಾಳಿ ತಿರುಗಿದೆ ಅನ್ಸತ್ತೆ ರೀ," ಎಂದಳು ಹೆಂಡತಿ, ಕಿಟಕಿಯಾಚೆ ಕೈ ಚಾಚಿ. ಅವನು ಬೆನ್ನು ತಿರುಗಿಸಿ ಕಿವಿ ಕೆರೆದುಕೊಂಡ.

ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲು ಅಜ್ಜಿಯೇ ಅವನನ್ನು ಕರೆಸಿದಳು. ಮಗ ಅಂಗಡಿಯಲ್ಲಿದ್ದ. ಅಜ್ಜಿ ಕೊಬ್ಬರಿ ಎಣ್ಣೆಯ ಬಾಟ್ಲಿಯನ್ನು ಅವನ ಮುಖದೆದುರು ಹಿಡಿದು ಅಲ್ಲಾಡಿಸಿದಳು. ಎಣ್ಣೆ ಗುಳುಗುಳು ಎಂದಿತು.

"ಮಗಾ, ಮೊದಲು ಈ ರೂಮಲ್ಲಿ ಎಣ್ಣೆ ಮೇಣದ ಹಾಗೆ ಹೆಪ್ಪುಗಟ್ಟಿರೋದು. ಕಡ್ಡಿ ಹಾಕಿ ಕೆರೆದು ಕೆರೆದು ಮಂಡಿಗೆ ಹಚ್ಕೋತಿದ್ದೆ. ಈಗ ನೋಡು, ನೀರು! ಗೋಡೆ ಮೇಲೆ ಮಾತ್ರ ಹದಿನಾರು ಅಂತ ಕೂತಿದೆ."

"ಎಣ್ಣೆ ಕಲಬೆರಕೆ ಇರ್ಬೇಕು ಅಜ್ಜಿ."

"ಎಣ್ಣೆ ನಮ್ಮ ತಂಗಿ ಮನೇದು. ಕಿವಿ ಯಾಕೋ ಕೆರ್ಕೋತೀಯ? ನಾನೇನಾದ್ರೂ ಕೇಳಿದ್ನಾ? ಮಂಡಿನೋವು ಹೋಗಿದೆ, ಶಾಲು ಪೆಟ್ಟಿಗೆ ಸೇರಿದೆ. ನೀನು ಏನೂ ಮಾಡಿಲ್ಲ, ನಾನು ಏನೂ ನೋಡಿಲ್ಲ. ನಡಿ."

ಹುಟ್ಟುಹಬ್ಬದ ದಿನ ಮೂರಂತಸ್ತಿನ ಕೇಕ್ ಮೇಲಿನ ಅಡುಗೆಮನೆಯಲ್ಲಿ ರಾಜಗಾಂಭೀರ್ಯದಿಂದ ಎದ್ದು ನಿಂತಿತು. ಸಂಜೆ ಗಂಡ ಹೆಂಡತಿ ಅದನ್ನು ಹಸುಗೂಸಿನ ಹಾಗೆ ಹಿಡಿದು ಎರಡನೇ ಮಹಡಿಗೆ ಇಳಿಸಿದರು. ಹಾಲಿನ ತುಂಬ ಜನ, ಜನರ ಉಸಿರಿನ ಸೆಕೆ. ಕಿಟಕಿಗಳೆಲ್ಲ ಬಂದ್. ಗೋಡೆಯ ಮೇಲೆ ಹಸಿರು ಅಂಕಿಯಲ್ಲಿ ಹದಿನಾರು. ಕೇಕನ್ನು ಮೇಜಿನ ಮೇಲಿಟ್ಟ ಕೂಡಲೇ ಮೆಕ್ಯಾನಿಕ್ಕಿನ ಕೊರಳ ಹಿಂದೆ ಬೆವರು ಹರಿಯಿತು. ಆಗ ಹೊಳೆಯಿತು ಅವನಿಗೆ ತಾನು ಮಾಡಿಕೊಂಡ ಎಡವಟ್ಟು: ಅಡುಗೆಮನೆಯನ್ನು ಉಳಿಸಿದ್ದ, ಕೇಕ್ ಕೊನೆಗೆ ಹೋಗಿ ನಿಲ್ಲಬೇಕಾದ ಕೋಣೆಯನ್ನು ಮರೆತೇಬಿಟ್ಟಿದ್ದ.

ಮಗ ಅಂಗಡಿಯ ಬಗ್ಗೆ ಭಾಷಣ ಶುರುಮಾಡಿದ. ಭಾಷಣ ಟೈರಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ಅಷ್ಟರಲ್ಲಿ ತುದಿಯ ದೊಡ್ಡ ಗುಲಾಬಿ ಮೆಲ್ಲಗೆ ತಲೆ ತಗ್ಗಿಸಿತು. ಪಕ್ಕದ್ದು ಅದರ ಹೆಗಲಿಗೊರಗಿತು.

"ಏನಮ್ಮಾ ಇದು," ಎಂದರು ಮ್ಯಾನೇಜರು, ಎಲ್ಲರಿಗೂ ಕೇಳುವಂತೆ. "ಹದಿನಾರು ಡಿಗ್ರೀಲಿ ಕರಗೋ ಕ್ರೀಮು ಎಂಥ ಕ್ರೀಮು?"

ಹೆಂಡತಿಯ ಮುಖ ಕೆಂಪಾಯಿತು. "ಹದಿನಾರರಲ್ಲಿ ನನ್ನ ಕ್ರೀಮು ಕಲ್ಲಿನ ಹಾಗೆ ನಿಲ್ಲತ್ತೆ ಸಾರ್."

"ಕಣ್ಣೆದುರಿಗೇ ವಾಲ್ತಿದೆಯಲ್ಲ! ಸಾಮಾನು ಅಗ್ಗದ್ದು ಹಾಕಿದ್ರೆ ಹೀಗೇ."

ಯಾರೋ ಕಿಸಕ್ಕೆಂದರು. ಹೆಂಡತಿ ಕೇಕನ್ನು ನೋಡಿದಳು, ಗೋಡೆಯ ಮೇಲಿನ ಸಂಖ್ಯೆಯನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ತಾನು ಬಾಯಿ ಮುಚ್ಚಿಕೊಂಡರೆ ಅವಳ ಕೇಕಿನ ಹೆಸರು ಇಂದೇ ಮಣ್ಣುಪಾಲು. ಬಾಯಿ ಬಿಟ್ಟರೆ ಕಟ್ಟಡದ ಅಷ್ಟೂ ಮನೆಯವರು ತನ್ನನ್ನು ಡಕ್ಟಿಗೆ ತಳ್ಳುತ್ತಾರೆ, ಪೆಟ್ಟಿಗೆಗಳೆಲ್ಲ ಮತ್ತೆ ಬೆಂಕಿಯುಗುಳುತ್ತವೆ, ಒವನ್ ಅಣ್ಣನ ಗ್ಯಾರೇಜು ಸೇರುತ್ತದೆ. ಮೆಕ್ಯಾನಿಕ್ ಕಿವಿಯಿಂದ ಕೈ ತೆಗೆದ.

"ಕ್ರೀಮಿಂದಲ್ಲ ತಪ್ಪು, ನಂದು. ಇಲ್ಲಿ ಹದಿನಾರೂ ಇಲ್ಲ ಗಿದಿನಾರೂ ಇಲ್ಲ. ಎಲ್ಲರ ಮನೆ ಏಸಿಗೂ ನಾನೇ ಮಂಕುಬೂದಿ ಎರಚಿದೀನಿ. ನೀವೆಲ್ಲ ಒಂದು ತಿಂಗಳಿಂದ ಇಪ್ಪತ್ತಾರರಲ್ಲೇ ಇದೀರಿ."

ಹಾಲಿನ ತುಂಬ ನಗು ಸಿಡಿಯಿತು.

"ಹೋಗಯ್ಯಾ!" ಎಂದರು ಮ್ಯಾನೇಜರು, ಕಣ್ಣೊರೆಸಿಕೊಳ್ಳುತ್ತಾ. "ಬೆಳಿಗ್ಗೆ ನಾನು ನಡುಗಿದ್ದು ಸುಳ್ಳಾ? ಎರಡು ಕಂಬಳಿ ಹೊದ್ದಿದ್ದೆ ಕಣಯ್ಯಾ, ಎರಡು!"

"ನಿಜ ಸಾರ್, ನನ್ನ ಮಾತು ಕೇಳಿ..."

"ನೋಡ್ರಪ್ಪಾ ಇವನ್ನ," ಎಂದ ಟೈರ್ ಅಂಗಡಿಯವನು, ಮೆಕ್ಯಾನಿಕ್ಕಿನ ಬೆನ್ನಿಗೆ ಗುದ್ದುತ್ತಾ. "ಹೆಂಡ್ತಿ ಮರ್ಯಾದೆ ಉಳಿಸೋಕೆ ತನ್ನ ಹೊಟ್ಟೆ ಮೇಲೇ ಹೊಡ್ಕೊಂಡ! ಗಂಡ ಅಂದ್ರೆ ಹೀಗಿರ್ಬೇಕು."

ನೆರೆದ ಹೆಂಗಸರೆಲ್ಲ ತಂತಮ್ಮ ಗಂಡಂದಿರ ಕಡೆ ಒಂದು ನೋಟ ಬೀರಿದರು. ಗಂಡಂದಿರು ಕೇಕಿನ ಕಡೆ ನೋಡಿದರು.

"ಮಾತು ಸಾಕು, ಚಾಕು ಕೊಡ್ರೋ," ಎಂದಳು ಅಜ್ಜಿ. "ತೊಂಬತ್ತಾಗಿದೆ ನನಗೆ. ನಿಮ್ಮ ಭಾಷಣ ಮುಗಿಯೋದ್ರೊಳಗೆ ನೂರಾಗತ್ತೆ." ತುದಿಯ ಗುಲಾಬಿಯನ್ನು ಬೆರಳಿನಿಂದಲೇ ಎತ್ತಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. "ಕರಗಿದ್ರೇನೇ ಕ್ರೀಮು ಕಣೋ ಮ್ಯಾನೇಜರೇ. ಕರಗದೇ ಇರೋದು ಸಾಬೂನು. ಮುಂದಿನ ವರ್ಷಕ್ಕೂ ಈ ಹುಡುಗೀನೇ ಮಾಡ್ಬೇಕು."

ಅಜ್ಜಿಯೇ ಹೇಳಿದ ಮೇಲೆ ಇನ್ನೇನು, ಎಲ್ಲರೂ ತಟ್ಟೆ ಹಿಡಿದರು. ಮ್ಯಾನೇಜರು ಎರಡು ಸಲ ಹಾಕಿಸಿಕೊಂಡರು. ಹೆಂಡತಿ ಮಾತ್ರ ಕಿಟಕಿ ಕಟ್ಟೆಯತ್ತ ನೋಡುತ್ತಿದ್ದಳು. ಅಲ್ಲಿ ಅಜ್ಜಿಯ ಕೊಬ್ಬರಿ ಎಣ್ಣೆ ಬಾಟ್ಲಿ ಇತ್ತು. ಬೆಣ್ಣೆ, ಎಣ್ಣೆಗಳ ಜೊತೆಗೇ ದಿನ ಕಳೆಯುವವಳು ಅವಳು. ಬಾಟ್ಲಿಯನ್ನು ಓರೆ ಮಾಡಿದಳು, ನೇರ ಮಾಡಿದಳು, ಮತ್ತೆ ಅದರ ಜಾಗದಲ್ಲೇ ಇಟ್ಟಳು.

ಖಾಲಿ ತಟ್ಟೆ ಹಿಡಿದು ಇಬ್ಬರೂ ಮನೆಗೆ ಹತ್ತಿದರು. ಅಡುಗೆಮನೆಯಲ್ಲಿ ಮಿಕ್ಕಿದ್ದ ಗುಲಾಬಿಗಳು ಇನ್ನೂ ನೆಟ್ಟಗೆ ನಿಂತಿದ್ದವು.

"ಅಷ್ಟು ಜನರ ಮುಂದೆ ಹೇಳ್ಬಿಟ್ರಲ್ಲ ರೀ."

"ಯಾರೂ ನಂಬ್ಲಿಲ್ಲವಲ್ಲೇ."

"ನಾನು ನಂಬಿದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಫೋನ್ ತೆಗೆದಳು. "ಅಣ್ಣಾ, ಗ್ಯಾರೇಜಲ್ಲಿ ನಿನ್ನ ಕಾರೇ ಇಟ್ಕೋ ಮಾರಾಯಾ," ಎಂದು ಫೋನಿಟ್ಟಳು. ಆಮೇಲೆ ಗಂಡನತ್ತ ತಿರುಗಿದಳು. "ಇನ್ಮೇಲೆ ಯಾರ ಮನೇಲಿ ಕೇಕ್ ಕತ್ತರಿಸಿದ್ರೂ ಅವತ್ತು ಬೆಳಿಗ್ಗೆ ಹೋಗಿ ಆ ಮಂಕುಬೂದಿ ತೆಗೀಬೇಕು. ಮಾರನೇ ದಿನ ವಾಪಸ್ ಹಾಕ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು."

ಮೆಕ್ಯಾನಿಕ್ ನಿರಾಳವಾಗಿ ಕುರ್ಚಿಗೊರಗಿದ. ಹೆಂಡತಿ ನೆತ್ತಿಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. ಮದುವೆಯಾದಾಗಿನಿಂದ ಅದು ಮೂರರಲ್ಲೇ ತಿರುಗುತ್ತಿತ್ತು. ತೀರಾ ಸೆಕೆಯಾದಾಗ ಮಾತ್ರ ಐದು, ಆಗ ಅವಳಿಗೆ ಹಾಯೆನಿಸುತ್ತಿತ್ತು. ಎದ್ದು ರೆಗ್ಯುಲೇಟರಿನ ಬಳಿ ಹೋದಳು. ನಾಲ್ಕಕ್ಕೆ ತಿರುಗಿಸಿದಳು. ಐದಕ್ಕೆ ತಿರುಗಿಸಿದಳು. ಕತ್ತೆತ್ತಿ, ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಫ್ಯಾನು ಮೂರರ ಗತ್ತಿನಲ್ಲೇ, ಎಳ್ಳಷ್ಟೂ ಅವಸರವಿಲ್ಲದೆ ತಿರುಗುತ್ತಿತ್ತು.

"ರೀ," ಎಂದಳು, ಬಹಳ ಮೃದುವಾಗಿ.

ಅವನ ಕೈ ಆಗಲೇ ಎಡಗಿವಿಯ ಮೇಲಿತ್ತು.