ಟೈರಿನ ಕೂದಲು

ಸೈಕಲ್ಲಿಗಿಂತ ಮೊದಲು ಅವನ ಕೈಗೆ ಬೆಲ್ಲು ಬಂದಿತ್ತು. ಯಾರೋ ಎಸೆದ ತುಕ್ಕು ಹಿಡಿದ ಬೆಲ್ಲನ್ನು ಅಂಗೈಯಲ್ಲಿಟ್ಟುಕೊಂಡು, ಚಡ್ಡಿ ಜಾರುತ್ತಿದ್ದರೂ ಲೆಕ್ಕಿಸದೆ, ಟ್ರಿಣ್ ಟ್ರಿಣ್ ಎಂದು ಬಾರಿಸುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಜನ ಗಾಬರಿಯಿಂದ ಪಕ್ಕಕ್ಕೆ ಸರಿದು ನೋಡಿದರೆ ಸೈಕಲ್ಲೇ ಇಲ್ಲ! ಅವತ್ತು ಅಕ್ಕ ಇಟ್ಟ ಹೆಸರು ಟ್ರಿಣ್ಣ. ಈಗ ನಡುನೆತ್ತಿಯಲ್ಲಿ ಬಯಲು ಬಿದ್ದಿದ್ದರೂ ಅವನು ಟ್ರಿಣ್ಣನೇ.

ಟ್ರಿಣ್ಣ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ರಿಪೇರಿಗಲ್ಲ, ಮಾತಿಗೆ. ಬೆಟ್ಟದ ಮೇಲಿನ ಕೊನೆಯ ಸ್ಟೇಷನ್ನಿನಿಂದ ಶುರುವಾಗಿ, ನದಿಯ ಮಗ್ಗುಲಲ್ಲೇ ಇಳಿದು, ಬಂದರಿನವರೆಗೆ ಹೋಗುವ ಎರಡು ದಿನದ ಉದ್ದನೆಯ ಸೈಕಲ್ ದಾರಿಯೊಂದಿತ್ತು. ಹುಮ್ಮಸ್ಸಿನವರು ಸೈಕಲ್ಲನ್ನು ರೈಲಿಗೇರಿಸಿ ಮೇಲೆ ಹೋಗುತ್ತಿದ್ದರು, ತುಳಿದುಕೊಂಡು ಬಂದರಿಗಿಳಿದು, ಅಲ್ಲಿಂದ ಮತ್ತೆ ರೈಲಿನಲ್ಲಿ ಊರಿಗೆ ಮರಳುತ್ತಿದ್ದರು. ಹೊರಡುವ ಮೊದಲು ಟ್ರಿಣ್ಣನ ಅಂಗಡಿಗೆ ಬಂದು ಸೀಟು, ಟೈರು, ಬ್ರೇಕಿನ ಜೊತೆಗೆ ಒಂದಿಷ್ಟು ಉಪದೇಶವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮರಳಿದವರು ಹೇಳಿದ್ದನ್ನು ಹೊರಟವರಿಗೆ ದಾಟಿಸುವುದು ಅವನ ಕಸುಬು. ಕ್ರಮೇಣ “ಅವರು ಹೇಳಿದ್ರು” ಅನ್ನುವುದು ಬಾಯಿಯಿಂದ ಉದುರಿಹೋಯಿತು. “ಮೂರನೇ ತಿರುವಲ್ಲಿ ಮುಂದಿನ ಬ್ರೇಕು ಮುಟ್ಟಲೇಬೇಡಿ. ನಾನು ಒಂದ್ಸಲ ಮುಟ್ಟಿ ನದಿಗೇ ಹೋಗ್ತಿದ್ದೆ” ಎನ್ನುವಷ್ಟಕ್ಕೆ ಬಂದಿತ್ತು. ನಿಜ ಹೇಳಬೇಕೆಂದರೆ ಅವನ ಸೈಕಲ್ಲು ಪಾರ್ಕಿನ ಸುತ್ತ ಬಿಟ್ಟು ಬೇರೆ ಊರು ಕಂಡಿರಲಿಲ್ಲ.

ಅಕ್ಕನಿಗೆ ಇಸ್ತ್ರಿ ಅಂಗಡಿ. ದಿನವಿಡೀ ನಿಂತೇ ಕೆಲಸ. ಐವತ್ತು ದಾಟಿದ ಮೇಲೆ ಒಂದು ದಿನ, “ನಿಂತು ನಿಂತು ಕಾಲು ಕಂಬ ಆಗಿದೆ, ಇನ್ನಾದ್ರೂ ಕೂತು ಓಡಾಡ್ತೀನಿ, ಸೈಕಲ್ ಕಲಿಸೋ” ಎಂದಳು. ಅಂಗಡಿಯ ಹಿಂದಿನ ಓಣಿಯಲ್ಲಿ ಟ್ರಿಣ್ಣ ಸೀಟು ಹಿಡಿದು ಓಡಿ ಕಲಿಸಿದ. ಕಲಿತಳು. ಆದರೆ ಒಂದು ಭಯ ಬಿಡಲಿಲ್ಲ.

“ಎದುರಿಂದ ಆನೆ ಬಂದ್ರೂ ಹೆದರಲ್ಲ ಕಣೋ. ಹಿಂದಿನಿಂದ ಲಾರಿ ಬಂದ್ರೆ ಮಾತ್ರ ಕೈಯೇ ಆಡಲ್ಲ. ತಿರುಗಿ ನೋಡಿದ್ರೆ ಬೀಳ್ತೀನಿ, ನೋಡದೆ ಇದ್ರೆ ಸಾಯ್ತೀನಿ.”

“ನಿನ್ನ ಹಿಂದೇನೇ ನಾನು ಇರ್ತೀನಲ್ಲ. ಲಾರಿ ಬಂದ್ರೆ ಮೊದಲು ನನ್ನನ್ನ ದಾಟಿ ಬರಬೇಕು.”

ಆ ಮಾತಿನ ಮೇಲೆ ಹೊರಟಳು. ಬೆಟ್ಟದ ಮೇಲಕ್ಕಲ್ಲ. ಅಷ್ಟು ದೂರ ಬೇಡ, ನಡುವಿನ ಗಿರಣಿ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಬಂದರಿನವರೆಗೆ ಸಮದಾರಿಯಲ್ಲಿ ಹೋಗುವುದೆಂದು ಮಾತಾಯಿತು. ಹಿಂದಿನ ದಿನ ಎರಡೂ ಸೈಕಲ್ಲಿಗೆ ಅಂಗಡಿಯಿಂದ ಹೊಸ ಟೈರು ಹಾಕಿಸಿದ. ಹೊಸ ಟೈರಿನ ಮೈತುಂಬ ಸಣ್ಣ ಸಣ್ಣ ರಬ್ಬರಿನ ಕೂದಲು. ಅಕ್ಕ ಹೆಬ್ಬೆರಳಲ್ಲಿ ಸವರಿ ನಕ್ಕಳು.

“ಇದೇನೋ, ಮೀಸೆ ಚಿಗುರೋ ಹುಡುಗನ ಕೆನ್ನೆ ಹಾಗಿದೆ!”

“ಓಡಿಸ್ತಾ ಓಡಿಸ್ತಾ ಉದುರಿಹೋಗುತ್ತೆ ಅಕ್ಕ. ನಡುವೆ ಕೂದಲು ಹಾಗೇ ಇದೆ ಅಂದ್ರೆ ಗಾಡಿ ರಸ್ತೆಗೇ ಇಳಿದಿಲ್ಲ ಅಂತ ಅರ್ಥ. ಗಿರಾಕಿ ಸುಳ್ಳು ಹೇಳಬಹುದು, ಟೈರು ಹೇಳಲ್ಲ.”

ಈ ಮಾತನ್ನು ಮಾತ್ರ ಅವನು ಯಾರಿಂದಲೂ ಕದ್ದಿರಲಿಲ್ಲ.

ಬೆಟ್ಟದ ರೈಲಿಗೆ ಸೈಕಲ್ಲಿಗೆಂದೇ ಒಂದು ಬೋಗಿ. ಅಲ್ಲಿ ಸವಾರರದೇ ಒಂದು ಪದ್ಧತಿ. ಪ್ರತಿಯೊಬ್ಬರೂ ತಾವು ಇಳಿಯುವ ಸ್ಟೇಷನ್ನಿನ ಹೆಸರು ಬರೆದ ಚೀಟಿಯನ್ನು ಹ್ಯಾಂಡಲಿಗೆ ಕಟ್ಟಬೇಕು. ದೂರ ಹೋಗುವ ಸೈಕಲ್ಲು ಮೊದಲು, ಗೋಡೆಗೆ ಒರಗಿಸಿ, ಅದರ ಮೇಲೆ ಮುಂದಿನದು, ಅದರ ಮೇಲೆ ಇನ್ನೊಂದು. ಬೇಗ ಇಳಿಯುವವರದು ಬಾಗಿಲ ಬಳಿ. ಕೊನೆಗೆ ಎಲ್ಲಕ್ಕೂ ಸೇರಿಸಿ ಒಂದು ಹಗ್ಗ.

ಅವತ್ತು ಇದರ ಉಸ್ತುವಾರಿ ಒಬ್ಬ ಡ್ರಿಲ್ ಮೇಷ್ಟ್ರದು. ಕೊರಳಲ್ಲಿ ಸೀಟಿ, ಸ್ವರದಲ್ಲಿ ಸದಾ ಬೆಳಗಿನ ಕವಾಯತು. ಅಕ್ಕ ನೀರಿನ ಬಾಟಲಿ ತುಂಬಿಸಲು ಹೋಗಿದ್ದಳು. ಟ್ರಿಣ್ಣ ಚೀಟಿ ತೆಗೆದು “ಗಿ” ಎಂದು ಬರೆಯಲು ಪೆನ್ನು ಊರಿದ್ದನೋ ಇಲ್ಲವೋ, ಹಿಂದಿನಿಂದ ಒಂದು ಕೂಗು.

“ಅಯ್ಯೋ, ನೀವು ಸೈಕಲ್ ಅಂಗಡಿಯವರಲ್ವಾ!”

ಒಬ್ಬ ನರ್ಸಮ್ಮ. ಹೋದ ತಿಂಗಳು ಅವನ ಹತ್ತಿರವೇ ಸೀಟು ಕೊಂಡವಳು. “ಮೇಷ್ಟ್ರೇ, ನಾನು ಹೇಳ್ತಿದ್ನಲ್ಲ, ಮೂರನೇ ತಿರುವಲ್ಲಿ ನದಿಗೆ ಹೋಗೋದ್ರಲ್ಲಿದ್ರು ಅಂತ, ಇವರೇ!”

ಬೋಗಿಯಲ್ಲಿದ್ದವರೆಲ್ಲ ತಿರುಗಿದರು. ಮೇಷ್ಟ್ರು ಕೈ ಕುಲುಕಿ, “ಹಾಗಾದ್ರೆ ನಿಮ್ಮದು ಮೊದಲು ಹಾಕ್ಬೇಕು. ಮೇಲೆ ತಾನೇ?” ಎಂದರು.

“ಮೇಲೇ” ಎಂದ ಟ್ರಿಣ್ಣ.

ಬಾಯಿಗೆ ಬೀಗವಿಲ್ಲದಿದ್ದರೆ ಕಾಲಿಗೆ ಕೋಳ ಬೀಳುತ್ತದೆ. ಅವನು ನೋಡುತ್ತಿರುವಂತೆಯೇ ಅವನ ಸೈಕಲ್ಲು ಗೋಡೆಗೆ ಒರಗಿತು, ಅದರ ಮೇಲೆ ಇಡೀ ಗುಂಪಿನ ಸೈಕಲ್ಲುಗಳು ಬಿದ್ದವು, ಹಗ್ಗ ಬಿಗಿಯಿತು. ಆಮೇಲೆ ಬಂದ ಅಕ್ಕ “ಗಿರಣಿ” ಎಂದು ದುಂಡಗೆ ಬರೆದು ತನ್ನದನ್ನು ಬಾಗಿಲ ಬಳಿ ನಿಲ್ಲಿಸಿದಳು.

“ನಿನ್ನದೆಲ್ಲೋ?”

“ಒಳಗಿದೆ.”

ದಾರಿಯುದ್ದಕ್ಕೂ ಅವನು ಲೆಕ್ಕ ಹಾಕುತ್ತಿದ್ದ. ಇನ್ನೇನು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿಬಿಡುವುದು. ತಪ್ಪು ಚೀಟಿ ಕಟ್ಟಿದೆ ಅಂದರೆ ಮುಗಿಯಿತು. ಅಷ್ಟರಲ್ಲಿ ನರ್ಸಮ್ಮ, “ಆ ನದಿ ಕತೆ ಇವರಿಗೂ ಹೇಳಿ” ಎಂದಳು. ಟ್ರಿಣ್ಣ ಹೇಳಿದ. ಹೇಳುತ್ತ ಹೇಳುತ್ತ ನದಿಯ ನೀರು ಮಂಡಿಯವರೆಗೆ ಬಂತು, ಒಂದು ಚಪ್ಪಲಿ ತೇಲಿಹೋಯಿತು. ಎದುರಿಗೆ ಕೂತಿದ್ದ ಅಕ್ಕ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು. ನಗೆಯೆದ್ದಾಗ ಅವನ ಕಿವಿಯ ಹತ್ತಿರ ಬಾಗಿ, “ಯಾವಾಗಪ್ಪಾ ಹೋಗಿದ್ದೆ? ಚಪ್ಪಲಿ ಕಳ್ಕೊಂಡಿದ್ದು ನನಗೆ ಗೊತ್ತೇ ಆಗ್ಲಿಲ್ವಲ್ಲ” ಎಂದಳು.

“ವ್ಯಾಪಾರದ ಮಾತಕ್ಕ. ಸುಮ್ನಿರು.”

ಗಿರಣಿ ಸ್ಟೇಷನ್ನು ಬಂತು. ಅಲ್ಲಿ ರೈಲು ನಿಂತೆ ನಿಂತೆ ಅನ್ನುವಷ್ಟರಲ್ಲಿ ಹೊರಡುತ್ತದೆ. ಯಾರೋ ಅಕ್ಕನ ಸೈಕಲ್ಲನ್ನು ಇಳಿಸಿಕೊಟ್ಟರು. ಅವಳು ಪ್ಲಾಟ್‌ಫಾರ್ಮಿನ ಮೇಲೆ ಹ್ಯಾಂಡಲ್ ಹಿಡಿದು ನಿಂತು ಕೂಗಿದಳು.

“ಟ್ರಿಣ್ಣ, ಬೇಗ ಇಳಿಸೋ ನಿನ್ನದನ್ನ!”

ಮೇಷ್ಟ್ರು ಹುಬ್ಬೇರಿಸಿದರು. “ಇವರು ಇಲ್ಲೇ ಇಳೀತಾರಾ? ಚೀಟಿ ಮೇಲಿನದಿದೆಯಲ್ಲ!”

ಒಂದೇ ಒಂದು ಮಾತು. ಹೇಳಿದ್ದರೆ ಹತ್ತು ಕೈ ಸೇರಿ ಹಗ್ಗ ಬಿಚ್ಚುತ್ತಿದ್ದವು. ಅದೂ ಆಗದಿದ್ದರೆ ಸೈಕಲ್ಲು ಹಾಳಾಗಿ ಹೋಗಲಿ ಎಂದು ಬರಿಗೈಯಲ್ಲಿ ಹಾರಿಕೊಳ್ಳಬಹುದಿತ್ತು. ಟ್ರಿಣ್ಣ ಬಾಗಿಲ ಸರಳು ಹಿಡಿದ. ನರ್ಸಮ್ಮ ನೋಡುತ್ತಿದ್ದಳು.

“ಇಲ್ಲ ಇಲ್ಲ, ನಾನು ಮೇಲೇ. ಅಕ್ಕನ್ನ ಇಳಿಸಿ ಹೋಗೋಣ ಅಂತ ಬಾಗಿಲಿಗೆ ಬಂದೆ.”

ಅಕ್ಕ ಅವನ ಮುಖ ನೋಡಿದಳು. ಸುಕ್ಕುಗಟ್ಟಿದ ಅಂಗಿಯನ್ನು ಇಸ್ತ್ರಿಗೆ ಮೊದಲು ಎತ್ತಿ ನೋಡುತ್ತಾಳಲ್ಲ, ಹಾಗೆ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಹೂಂ, ಹೂಂ, ಮರೆತೇಬಿಟ್ಟೆ. ಅವನು ಮೇಲಿಂದ ಬರ್ತಾನೆ. ಆ ಇಳಿಜಾರೆಲ್ಲ ನನ್ನ ಕೈಲಾಗುತ್ತಾ? ಹೋಗಿ ಬಾರೋ.”

ರೈಲು ಕದಲಿತು. ಪ್ಲಾಟ್‌ಫಾರ್ಮು ಸಣ್ಣದಾಗುವಾಗ ಅವಳು ಒಮ್ಮೆ ತನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದ್ದು ಅವನಿಗೆ ಕಂಡಿತು.

ಬೆಟ್ಟದ ಮೇಲೆ ಗಾಳಿ ಬೀಸುತ್ತಿತ್ತು. ಸ್ಟೇಷನ್ನಿನ ಗೇಟು ದಾಟಿದರೆ ರಸ್ತೆ ನಾಲಿಗೆ ಚಾಚಿದಂತೆ ಕೆಳಗೆ ಬಿದ್ದಿತ್ತು. ಗುಂಪಿನವರು ಒಬ್ಬೊಬ್ಬರಾಗಿ ಹೋ ಎನ್ನುತ್ತ ಇಳಿದರು. “ನೀವು ಮುಂದೆ ಹೋಗಿ ದಾರಿ ತೋರಿಸಿ” ಎಂದರು ಮೇಷ್ಟ್ರು. ಟ್ರಿಣ್ಣ ಕುಕ್ಕರಗಾಲಲ್ಲಿ ಕೂತು ಚೈನು ಮುಟ್ಟಿ, “ನೀವು ನಡೀರಿ, ಇದೊಂದು ಸ್ವಲ್ಪ ನೋಡ್ಕೊಂಡು ಬಂದೆ” ಎಂದ. ಚೈನಿಗೆ ಏನೂ ಆಗಿರಲಿಲ್ಲ.

ಎಲ್ಲರೂ ಮರೆಯಾದ ಮೇಲೆ ಸೀಟಿನ ಮೇಲೆ ಕೂತ. ಒಂದು ಕಾಲು ನೆಲದಲ್ಲೇ ಇತ್ತು. ಮೊದಲ ತಿರುವಿನಾಚೆ ಬರೀ ಆಕಾಶ. ಎರಡೂ ಬ್ರೇಕು ಅದುಮಿದ ಬೆರಳುಗಳು ಬಿಳುಚಿದವು. ಎಷ್ಟು ಜನಕ್ಕೆ ಧೈರ್ಯ ಹೇಳಿ ಕಳಿಸಿದ್ದ! ಅದರಲ್ಲಿ ಒಂದು ಚಿಟಿಕೆಯಾದರೂ ತನಗೆಂದು ಉಳಿಸಿಕೊಂಡಿರಲಿಲ್ಲ. ನೆಲದ ಮೇಲಿನ ಕಾಲು ಮೇಲೇಳಲೇ ಇಲ್ಲ.

ಜೇಬಿನಲ್ಲಿ ಫೋನು ಗುಂಯ್ ಎಂದಿತು. ಅಕ್ಕನ ಮೆಸೇಜು: “ಹೊರಟೆ. ನೀನು ಮೇಲಿಂದ ಬರ್ತಿದೀಯಲ್ಲ, ಅಷ್ಟು ಸಾಕು. ಹುಷಾರು.”

ಅವನು ಟೈಪು ಮಾಡಿದ: “ಬರ್ತಿದೀನಿ.” ಮಾಡಿ, ಸೈಕಲ್ಲನ್ನು ತಳ್ಳಿಕೊಂಡು ವಾಪಸು ಸ್ಟೇಷನ್ನಿಗೆ ನಡೆದ. ಬಂದ ರೈಲೇ ಕೆಳಗೆ ಹೊರಡಲು ನಿಂತಿತ್ತು. ಖಾಲಿ ಬೋಗಿಯಲ್ಲಿ ಒಂದೇ ಸೈಕಲ್ಲು. ಚೀಟಿಯ ಅಗತ್ಯವಿರಲಿಲ್ಲ.

ಗಿರಣಿಯಲ್ಲಿ ಇಳಿದು ಅಕ್ಕನನ್ನು ಹಿಂಬಾಲಿಸುವುದು ಎಂದುಕೊಂಡಿದ್ದ. ಆದರೆ ಸುಳ್ಳಿಗೂ ಅದರದೇ ಲೆಕ್ಕಾಚಾರವಿರುತ್ತದೆ. ಮೇಲಿಂದ ತುಳಿದುಕೊಂಡು ಬರುವವನು ಇಷ್ಟು ಬೇಗ ಗಿರಣಿ ಮುಟ್ಟುವುದು ಹೇಗೆ? ರೆಕ್ಕೆ ಕಟ್ಟಿಕೊಂಡು ಬಂದೆಯಾ ಎಂದರೆ ಏನು ಹೇಳುವುದು? ಗಿರಣಿ ಬಂತು, ಹೋಯಿತು. ಅವನು ಸೀಟಿನಿಂದ ಏಳಲಿಲ್ಲ.

ಅಲ್ಲಿಂದ ಮುಂದೆ ರಸ್ತೆಯೂ ಹಳಿಯೂ ಅಕ್ಕಪಕ್ಕ. ಮರದ ಸಾಲು ಮುಗಿದದ್ದೇ, ಕಿಟಕಿಯಲ್ಲಿ ಅಕ್ಕ ಕಂಡಳು. ಅವಳದೇ ನೀಲಿ ಅಂಗಿ, ಬೆನ್ನಿನ ನಡುವೆ ಬೆವರಿನ ಪಟ್ಟೆ. ರಸ್ತೆಯ ಅಂಚನ್ನು ಹೊಲಿಗೆ ಹಾಕಿದಂತೆ ಹಿಡಿದು ತುಳಿಯುತ್ತಿದ್ದಳು. ಅವಳ ಹಿಂದೆ ಒಂದು ಮರಳಿನ ಲಾರಿ. ಅದು ಹಾರ್ನು ಹೊಡೆಯಿತು, ಬೋಗಿಯ ಗಾಜು ನಡುಗುವಂತೆ. ಟ್ರಿಣ್ಣನ ಕೈ ತಾನಾಗಿ ಎದುರಿನ ಸೀಟು ಹಿಡಿಯಿತು. ಅಕ್ಕ ಅಲುಗಲಿಲ್ಲ. ತಿರುಗಲಿಲ್ಲ. ಲಾರಿ ಅವಳನ್ನು ಬಳಸಿ ದಾಟಿತು. ಆಮೇಲೆ ಅವಳು ಮುಖವೆತ್ತಿ, ಗೆದ್ದವಳಂತೆ, ರೈಲಿನ ಕಡೆ ನೋಡಿದಳು.

ಟ್ರಿಣ್ಣ ಏನೋ ಬೀಳಿಸಿಕೊಂಡವನಂತೆ ಬಗ್ಗಿ ಸೀಟಿನ ಕೆಳಗೆ ತಡಕಾಡಿದ. ಕೆಳಗೆ ಒಂದು ಕಡಲೆಕಾಯಿ ಸಿಪ್ಪೆ. ಅದನ್ನೇ ಎತ್ತಿಕೊಂಡ. ಗಿರಣಿಯಲ್ಲಿ ಹತ್ತಿ ಎದುರಿಗೆ ಕೂತಿದ್ದ ಮುದುಕ, “ಸಿಕ್ತಾ?” ಎಂದ. “ಸಿಕ್ತು” ಎಂದ ಟ್ರಿಣ್ಣ.

ಮರುದಿನ ಮಧ್ಯಾಹ್ನ, ಬಂದರಿನ ಸ್ಟೇಷನ್ನಿನ ಬೆಂಚಿನ ಮೇಲೆ ಅವನು ಕಾಯುತ್ತಿದ್ದಾಗ ಗುಂಪು ಬಂತು. ಗುಂಪಿನ ಮುಂದೆ ಅಕ್ಕ! ರಾತ್ರಿ ತಂಗಿದಲ್ಲಿ ಅವರ ಜೊತೆ ಸೇರಿಕೊಂಡಿದ್ದಳಂತೆ. ಮೂಗಿನ ತುದಿ ಸುಟ್ಟು ಕೆಂಪಾಗಿತ್ತು, ಮಂಡಿ ತರಚಿತ್ತು, ನಡೆಯುವಾಗ ಕಾಲು ಅಗಲ. ಮುಖ ಮಾತ್ರ, ಅವಳ ಮದುವೆಯ ಫೋಟೋದಲ್ಲೂ ಅಷ್ಟು ಬೆಳಕಿರಲಿಲ್ಲ.

“ಅಂಗಡಿಯವರೇ, ನಮ್ಮನ್ನ ಯಾವಾಗ ದಾಟಿದ್ರಿ? ಗಾಳಿ ಕೂಡ ಗೊತ್ತಾಗ್ಲಿಲ್ಲ!” ಎಂದರು ಮೇಷ್ಟ್ರು.

ನರ್ಸಮ್ಮ ಅಕ್ಕನ ಹೆಗಲು ತಟ್ಟಿದಳು. “ಇವರು ಏನು ಕಡಿಮೆ ಇಲ್ಲ. ಲಾರಿ ಕತೆ ಹೇಳ್ರೀ.”

“ಏನಿಲ್ಲ ಕಣೋ” ಎಂದಳು ಅಕ್ಕ, ಅವನಿಗೇ. “ಲಾರಿ ಬಂತು. ಜೀವ ಬಾಯಿಗೆ ಬಂತು. ಆಮೇಲೆ ಅಂದ್ಕೊಂಡೆ, ಹಿಂದೆ ಎಲ್ಲೋ ನಮ್ಮ ಟ್ರಿಣ್ಣ ಬರ್ತಿದಾನೆ ಬಿಡು. ಮೊದಲು ಅವನನ್ನ ದಾಟಿ ಬರಬೇಕಲ್ಲ. ತಿರುಗೇ ನೋಡ್ಲಿಲ್ಲ!”

ಟ್ರಿಣ್ಣನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಬಂದರಿನ ಪ್ಲಾಟ್‌ಫಾರ್ಮಿಗೆ ಗಟ್ಟಿ ಕಲ್ಲು ಹಾಸಿದ್ದರು.

“ನಾನು ಬರ್ಲಿಲ್ಲ” ಎಂದ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದ. “ನಾನು ತುಳಿಯಲೇ ಇಲ್ಲ. ಮೇಲೆ ನಿಂತು ಹೆದರಿ, ರೈಲಲ್ಲೇ ವಾಪಸ್ ಬಂದೆ. ಮೂರನೇ ತಿರುವು ನಾನು ನೋಡೇ ಇಲ್ಲ.”

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ರೈಲಿನ ಹಾಗೇ ಬಂದಿರ್ತೀರಿ, ಇಲ್ಲಾಂದ್ರೆ ನಮಗಿಂತ ಮುಂಚೆ ಇಲ್ಲಿ ಇರೋದು ಹೇಗೆ!” ನರ್ಸಮ್ಮ ಕಣ್ಣೊರೆಸಿಕೊಂಡಳು. “ಚಪ್ಪಲಿನೂ ರೈಲಲ್ಲೇ ತೇಲಿಹೋಯ್ತಾ? ಗಾಡಿ ಬೇರೆ ತೊಳೆದು ನಿಲ್ಸಿದಾರೆ ನೋಡಿ, ಕಸುಬಿನವರು ಅಂದ್ರೆ ಇದು.”

ಅವನು ಅಕ್ಕನ ಕಡೆ ನೋಡಿದ. ಅವಳೊಬ್ಬಳು ನಗುತ್ತಿರಲಿಲ್ಲ. ಕುಂಟುತ್ತ ಬಂದು, ಅವನ ಸೈಕಲ್ಲಿನ ಮುಂದೆ ಕೂತು, ಟೈರಿನ ನಡುವೆ ಹೆಬ್ಬೆರಳು ಎಳೆದಳು. ಕೂದಲು ಅವಳ ಬೆರಳಿನ ಕೆಳಗೆ ಮಲಗಿ, ಬೆರಳು ದಾಟಿದ ಮೇಲೆ ಮತ್ತೆ ಎದ್ದು ನಿಂತವು.

“ರೈಲು ಬಂತು. ಎತ್ತು” ಎಂದಳು.

ತಾನೇ ಎರಡು ಚೀಟಿ ಬರೆದಳು, ಎರಡರಲ್ಲೂ ಊರಿನ ಹೆಸರು. ಅವನದನ್ನು ಅವನ ಹ್ಯಾಂಡಲಿಗೆ ತಾನೇ ಕಟ್ಟಿದಳು. ಶಾಲೆಗೆ ಹೊರಟ ಮಗುವಿನ ಗುಂಡಿ ಹಾಕುವಂತೆ, ಅವನ ಕಡೆ ನೋಡದೆ.

ಗುಂಪಿನವರೆಲ್ಲ ತೂಕಡಿಸತೊಡಗಿದ ಮೇಲೆ ಕಿಟಕಿಯಾಚೆ ನೋಡುತ್ತಲೇ ಕೇಳಿದಳು.

“ಲಾರಿ ಹಾರ್ನು ಹೊಡೆದಾಗ ಎಲ್ಲಿದ್ದೆ?”

“ಪಕ್ಕದಲ್ಲೇ. ರೈಲಲ್ಲಿ. ನೋಡಿದೆ.”

“ನೋಡಿದ್ಯಾ.”

ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ತರಚಿದ ಮಂಡಿಯ ಮೇಲೆ ಅಂಗೈ ಮುಚ್ಚಿ ಕೂತಳು. ಮುಖದ ಬೆಳಕು ಯಾವ ಸ್ಟೇಷನ್ನಿನಲ್ಲಿ ಇಳಿದುಹೋಯಿತೋ ಅವನಿಗೆ ಗೊತ್ತಾಗಲಿಲ್ಲ. ಅವಳು ಗೆದ್ದದ್ದು ನಿಜ, ತುಳಿದದ್ದು ಅವಳದೇ ಕಾಲು. ಅದನ್ನು ಹೇಳಬೇಕೆಂದು ಎರಡು ಸಲ ಬಾಯಿ ತೆರೆದ. ತನ್ನ ಬಾಯಿಂದ ಬಂದರೆ ಅದೂ ವ್ಯಾಪಾರದ ಮಾತಾಗುತ್ತದೆ ಅನ್ನಿಸಿ ಮುಚ್ಚಿದ.

ಊರಿನ ಸ್ಟೇಷನ್ನಿನ ಹೊರಗೆ ಸಂಜೆಯ ದಟ್ಟಣೆ. ಮನೆಗೆ ಹೋಗುವ ದೊಡ್ಡ ರಸ್ತೆಯಲ್ಲಿ ಲಾರಿ, ಬಸ್ಸು ಒಂದರ ಬಾಲ ಒಂದು ಹಿಡಿದು ಹರಿಯುತ್ತಿದ್ದವು. ಹಿಂದಿನ ದಿನ ಬರುವಾಗ ಇಬ್ಬರೂ ಕಾಲುದಾರಿಯಲ್ಲಿ ತಳ್ಳಿಕೊಂಡೇ ಬಂದಿದ್ದರು. ಟ್ರಿಣ್ಣ ಈಗಲೂ ಅತ್ತ ತಿರುಗಿದ.

“ತಳ್ಳೋದು ಬೇಡ. ಹತ್ತು” ಎಂದಳು ಅಕ್ಕ. “ನೀನು ಮುಂದೆ ಹೋಗು. ಹಿಂದೆ ನಾನು ಇರ್ತೀನಿ.”

ಹತ್ತಿದ. ಕಾಲು ಈ ಸಲ ನೆಲ ಬಿಟ್ಟಿತು, ಬಿಡದೆ ಗತಿಯಿರಲಿಲ್ಲ. ಒಂದು ಬಸ್ಸು ಕಿವಿಯ ಪಕ್ಕದಲ್ಲೇ ಕೂಗಿ ದಾಟಿತು, ಹ್ಯಾಂಡಲು ಅಲ್ಲಾಡಿತು. ಹಿಂದಿನಿಂದ ಅಕ್ಕನ ಬೆಲ್ಲು ಒಂದು ಸಲ ಕೇಳಿದರೆ ಸಾಕಿತ್ತು. ಕೇಳಲಿಲ್ಲ. ಇದ್ದಾಳೋ, ಸ್ಟೇಷನ್ನಿನ ಗೇಟಿನಲ್ಲೇ ನಿಂತುಬಿಟ್ಟಳೋ. ತಿರುಗಿ ನೋಡಿದರೆ ಬೀಳುತ್ತಾನೆ. ಬೀಳದಿದ್ದರೂ, ಆ ಮುಖವನ್ನು ನೋಡಬೇಕಾಗುತ್ತದೆ. ಅವನು ಬೆನ್ನು ಬಗ್ಗಿಸಿ ತುಳಿದ. ಟೈರಿನ ಕೂದಲು ಟಾರಿಗೆ ತಾಗಿ ಸರಸರ ಸದ್ದು ಮಾಡುತ್ತಿತ್ತು.